ಹನ್ನೆರಡು ತಾಸಿನ ಗುಳಿಗೆ ಊರ ದವಾಖಾನೆಗೆ ಬಂದೀತೆ?

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೈದರಾಬಾದ್ ಬಸ್ ಹತ್ತುವವರೆಲ್ಲ ವ್ಯಾಪಾರಕ್ಕೇ ಹೊರಟವರಲ್ಲ. ಮಡಿಲಲ್ಲಿ ದವಾಖಾನೆಯ ಫೈಲು ಇಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಹಲ್ಲು ಕಚ್ಚುವ ಕ್ಯಾನ್ಸರ್ ರೋಗಿಗಳೂ ಅವರಲ್ಲಿದ್ದಾರೆ. ಚಿಕಿತ್ಸೆ ಮುಗಿದ ಮೇಲೂ ಕೆಲವರಿಗೆ ಈ ಪ್ರಯಾಣ ತಪ್ಪದು. ಕಾರಣ, ಮಾರ್ಫಿನ್. ಸಣ್ಣ ಊರಿನ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ "ಆ ಗುಳಗಿ ಇಲ್ಲರೀ, ದೊಡ್ಡ ದವಾಖಾನಿಗೆ ಹೋಗ್ರಿ" ಎಂಬ ಉತ್ತರವೇ ಮಾಮೂಲು.

ಅಂಗಡಿಯವರನ್ನು ಬೈದು ಫಲವಿಲ್ಲ. ಮಾರ್ಫಿನ್ ಅಂದರೆ ಅಫೀಮಿನ ಸಾರ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಹಲವು ಲೈಸೆನ್ಸ್, ತಪ್ಪಿದರೆ ಜೈಲು. ಯಾರು ಬೇಕಂದಾರು? ತಮಾಷೆ ನೋಡಿ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಔಷಧಕ್ಕಾಗಿ ಅಫೀಮು ಬೆಳೆಸುವ ದೇಶ ನಮ್ಮದು!

ಸಾದಾ ಮಾರ್ಫಿನ್ ಗುಳಿಗೆಯ ಬಲ ನಾಲ್ಕು ತಾಸು. ರಾತ್ರಿ ಎರಡಕ್ಕೆ ರೋಗಿ ನರಳಿ ಎದ್ದರೆ ಮನೆಮಂದಿಯೆಲ್ಲ ಎದ್ದ ಹಾಗೆ. ಇದಕ್ಕೆ ಉಪಾಯವಾಗಿ 1980ರ ಸುಮಾರಿಗೆ ಇಂಗ್ಲೆಂಡಿನ ನ್ಯಾಪ್ ಕಂಪನಿ ಮೇಣದಂಥ ಪದಾರ್ಥದಲ್ಲಿ ಮಾರ್ಫಿನ್ ಬೆರೆಸಿ ಗುಳಿಗೆ ಕಟ್ಟಿತು. ಸಕ್ಕರೆ ಬಾಯಿಗಿಟ್ಟ ಕೂಡಲೇ ಕರಗುತ್ತದೆ, ಕಲ್ಲುಸಕ್ಕರೆ ತಡೆದು ಕರಗುತ್ತದಲ್ಲ, ಹಾಗೆ. ಔಷಧ ಸ್ವಲ್ಪ ಸ್ವಲ್ಪವೇ ಹೊರಬಂದು ಹನ್ನೆರಡು ತಾಸು ಕೆಲಸ ಮಾಡುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು.

ಸಾಮಾನ್ಯವಾಗಿ ಮೊದಲ ದಿನವೇ ಇದನ್ನು ಕೊಡುವುದಿಲ್ಲ. ಸಾದಾ ಗುಳಿಗೆ ಕೊಟ್ಟು ಎಷ್ಟು ಬೇಕೆಂದು ಅಳೆದ ಮೇಲೆ ಡಾಕ್ಟರು ದಿನದ ಒಟ್ಟನ್ನು ಎರಡು ಪಾಲು ಮಾಡುತ್ತಾರೆ. ನುಂಗಲಾಗದೆಂದು ಮನೆಯವರು ಕುಟ್ಟಿ ಪುಡಿ ಮಾಡಿ ಕುಡಿಸಿದರೋ, ಹನ್ನೆರಡು ತಾಸಿನ ಔಷಧ ಒಮ್ಮೆಲೇ ಮೈಗೇರಿ ಉಸಿರೇ ನಿಂತೀತು.

"ಚಟ ಹತ್ತತದಲ್ರೀ?" ಎಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಇದೇ ಜಾತಿಯ ಗುಳಿಗೆಯನ್ನು ಬೆನ್ನುನೋವಿಗೂ ಹಂಚಿ ಸಾವಿರಾರು ಜನ ಸತ್ತರು. ಆದರೆ ಮೂಳೆಗೆ ಹಬ್ಬಿದ ಕ್ಯಾನ್ಸರಿನಲ್ಲಿ, ಡಾಕ್ಟರು ನೋಡಿಕೊಂಡು ಕೊಡುವಾಗ, ಆ ಭಯಕ್ಕಿಂತ ಬ್ಯಾನಿಯೇ ದೊಡ್ಡದು.

2014ರಲ್ಲಿ ಕಾಯ್ದೆ ತಿದ್ದಿದರು. ನೋವು ನಿವಾರಣೆಯಲ್ಲಿ ತರಬೇತಿಯಾದ ಒಬ್ಬ ಡಾಕ್ಟರಿದ್ದು, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಸಿಕ್ಕರೆ ಆಸ್ಪತ್ರೆ ಮಾರ್ಫಿನ್ ಇಡಬಹುದು. ಹತ್ತು ಇಲಾಖೆ ಸುತ್ತಬೇಕಿಲ್ಲ. ತಾಲೂಕು ಆಸ್ಪತ್ರೆಗೂ ಇದೇ ದಾರಿ, ಅರ್ಜಿ ಹಾಕುವವರು ಬೇಕಷ್ಟೆ.

ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೋ ಹೋಗುವವರು ಚೀಟಿ ಬರೆಸುವಾಗ ಹೊಟ್ಟೆ ಸಡಿಲಾಗುವ ಔಷಧವನ್ನೂ ಕೇಳಿ ಬರೆಸಿಕೊಳ್ಳಬೇಕು. ಮಾರ್ಫಿನ್ ತಗೊಂಡವರಿಗೆ ಮಲಬದ್ಧತೆ ಹೆಚ್ಚುಕಡಿಮೆ ಖಾತ್ರಿ.