ಹವ್ಯಾಸಿ ಮತ್ತು ವೃತ್ತಿಗಾರ: ಇಂಗ್ಲೆಂಡಿನ ಎಫ್. ಎ. ಕಪ್ ಪಂದ್ಯಾವಳಿಯನ್ನು ಕುರಿತ ಒಂದು ವಿವೇಚನೆ

ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ವಿಭಾಗವು ಕನ್ನಡ ಓದುಗರಿಗೆ ಪರಿಚಿತವಾದುದೇ. ನಾಟಕವಾಡುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡು ಊರಿಂದೂರಿಗೆ ಸಂಚರಿಸಿದ ಕಂಪನಿಗಳು ಒಂದೆಡೆ. ಬೇರೆ ಉದ್ಯೋಗದಿಂದ ಹೊಟ್ಟೆ ಹೊರೆದು, ಬಿಡುವಿನ ವೇಳೆಯಲ್ಲಿ ಬಣ್ಣ ಹಚ್ಚಿದ ವಿದ್ಯಾವಂತರು ಇನ್ನೊಂದೆಡೆ. ಎರಡು ಪಂಗಡಗಳೂ ಒಂದೇ ಕಲೆಯನ್ನು ಉಪಾಸಿಸಿದರೂ, ಯಾರು ಮೇಲು ಎಂಬುದನ್ನು ಒಂದು ಸಂಜೆಯಲ್ಲಿ ಅಂತಿಮವಾಗಿ ತೀರ್ಮಾನಿಸಬೇಕಾದ ಪ್ರಸಂಗ ಅವುಗಳಿಗೆ ಒದಗಲಿಲ್ಲ. ಆಟದ ಬಯಲಿನಲ್ಲಿ ಹಾಗಲ್ಲ. ಅಲ್ಲಿ ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು. ಕೂಲಿ ಪಡೆದು ಆಡುವವನೂ ಪಡೆಯದೆ ಆಡುವವನೂ ಒಂದೇ ಕಣದಲ್ಲಿ ಇದಿರಾದರೆ ಏನಾಗುತ್ತದೆ? ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯುಳ್ಳ ಉತ್ತರವೊಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಪ್ ಪಂದ್ಯಾವಳಿಯಲ್ಲಿ ದೊರೆಯುತ್ತದೆ. ಅದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಪಂದ್ಯಾವಳಿಯ ರಚನೆ

ಮೊದಲು ಇದರ ರಚನೆಯನ್ನು ತಿಳಿಯುವುದು ಅವಶ್ಯ. ಲೀಗ್ ಪದ್ಧತಿಯಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡಿ ಅಂಕಗಳನ್ನು ಕೂಡಿಹಾಕುತ್ತದೆ. ಒಂದು ದಿನದ ಸೋಲನ್ನು ಮತ್ತೊಂದು ದಿನದ ಗೆಲುವಿನಿಂದ ತುಂಬಿಕೊಳ್ಳಬಹುದು. ಕಪ್ ಪದ್ಧತಿಯಲ್ಲಿ ಸೋತ ತಂಡ ಆ ಕ್ಷಣವೇ ಹೊರಬೀಳುತ್ತದೆ. ಪ್ರತಿಯೊಂದು ಪಂದ್ಯವೂ ಒಂದು ತಂಡವನ್ನು ಮಾತ್ರ ಹೊರಹಾಕುವುದರಿಂದ, ಎಷ್ಟು ತಂಡಗಳು ಸೇರಿದ್ದರೂ ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯ ಪಂದ್ಯಗಳಲ್ಲಿ ವಿಜಯಿಯ ನಿರ್ಣಯವಾಗುತ್ತದೆ. ೨೦೧೧–೧೨ರಲ್ಲಿ ಎಫ್. ಎ. ಕಪ್ಪಿಗೆ ೭೬೩ ತಂಡಗಳು ಸೇರಿದ್ದುವು. ಮರುಪಂದ್ಯಗಳನ್ನು ಬಿಟ್ಟರೆ ೭೬೨ ಜೋಡಿಗಳ ಸೆಣಸಾಟ ಸಾಕಾಯಿತು. ಅಷ್ಟು ತಂಡಗಳ ಲೀಗನ್ನು ನಡೆಸುವುದು ಊಹೆಗೂ ನಿಲುಕದ ಮಾತು. ಅಸಂಖ್ಯ ತಂಡಗಳಿಗೆ ಬಾಗಿಲು ತೆರೆಯಬೇಕಾದರೆ ಸೋತವರನ್ನು ಹೊರಗಿಡುವ ಪದ್ಧತಿಯೇ ಗತಿ.

ಆದರೆ ಎಲ್ಲರೂ ಒಂದೇ ಮೆಟ್ಟಿಲಿನಿಂದ ಹೊರಡುವುದಿಲ್ಲ. ಅತಿ ಸಣ್ಣ ತಂಡಗಳು ಎರಡು ಪೂರ್ವಭಾವಿ ಸುತ್ತುಗಳನ್ನೂ ನಾಲ್ಕು ಅರ್ಹತಾ ಸುತ್ತುಗಳನ್ನೂ ದಾಟಿದ ಬಳಿಕ ಮೊದಲನೆಯ ಮುಖ್ಯ ಸುತ್ತನ್ನು ಮುಟ್ಟುತ್ತವೆ. ದೇಶದ ಮೇಲಿನ ಎರಡು ಶ್ರೇಣಿಗಳ ೪೪ ತಂಡಗಳು ಮೂರನೆಯ ಸುತ್ತಿನಲ್ಲಿ, ಕೆಳಗಿನಿಂದ ಏರಿಬಂದ ೨೦ ತಂಡಗಳೊಡನೆ ಕೂಡಿಕೊಳ್ಳುತ್ತವೆ. ಹೀಗಾಗಿ ಬಲಿಷ್ಠ ತಂಡವೊಂದಕ್ಕೆ ಕಪ್ ಗೆಲ್ಲಲು ಆರು ಗೆಲುವುಗಳು ಸಾಕು. ತೀರ ಕೆಳಗಿನ ತಂಡಕ್ಕೆ ಹದಿನಾಲ್ಕು ಬೇಕು. ಪ್ರತಿಯೊಂದು ಪಂದ್ಯದಲ್ಲಿಯೂ ಗೆಲುವಿನ ಸಂಭವ ಅರ್ಧದಷ್ಟು ಎಂದು ಉದಾರವಾಗಿ ಭಾವಿಸಿದರೂ ಆರು ಸುತ್ತುಗಳನ್ನು ದಾಟುವ ಸಂಭವ ೬೪ರಲ್ಲಿ ಒಂದು. ಹದಿನಾಲ್ಕನ್ನು ದಾಟುವ ಸಂಭವ ೧೬,೩೮೪ರಲ್ಲಿ ಒಂದು. ಆದುದರಿಂದ ತೆರೆದ ಬಾಗಿಲು ಎಂದರೆ ಸಮಾನ ಅವಕಾಶವೆಂದು ತಿಳಿಯಲಾಗದು. ಆ ಬಾಗಿಲು ಕೊಡುವುದು ಭೇಟಿಯ ಅವಕಾಶವನ್ನು ಮಾತ್ರ. ಪ್ರತಿ ಸುತ್ತಿನಲ್ಲಿಯೂ ಜೋಡಿಗಳನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಬಲಾಬಲವನ್ನು ನೋಡಿ ಜೋಡಿಸುವ ಕ್ರಮವಿಲ್ಲ. ಎರಡು ಪ್ರಬಲ ತಂಡಗಳು ಬೇಗನೆ ಇದಿರಾಗಬಹುದು. ಹಳ್ಳಿಯ ಅಂಚಿನ ತಂಡದ ಮೈದಾನಕ್ಕೆ ರಾಜಧಾನಿಯ ಹೆಸರಾಂತ ತಂಡ ಬರಬೇಕಾಗಬಹುದು.

೨. ಕಪ್ಪಿನ ಹುಟ್ಟು

ಫುಟ್‌ಬಾಲ್ ಅಸೋಸಿಯೇಷನ್ ಲಂಡನ್ನಿನಲ್ಲಿ ೧೮೬೩ರಲ್ಲಿ ಸ್ಥಾಪಿತವಾಯಿತು. ಅದರ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಆಲ್ಕಾಕ್ ಹ್ಯಾರೋ ಶಾಲೆಯ ಹಳೆಯ ವಿದ್ಯಾರ್ಥಿ. ಆ ಶಾಲೆಯ ವಸತಿಗೃಹಗಳ ನಡುವೆ ಸೋತವರು ಹೊರಬೀಳುವ ಪಂದ್ಯಗಳು ನಡೆಯುತ್ತಿದ್ದುವು. ಆ ಮಾದರಿಯನ್ನು ಇಡೀ ದೇಶಕ್ಕೆ ಅನ್ವಯಿಸಿ, ಸಂಘಕ್ಕೆ ಸೇರಿದ ಎಲ್ಲ ಕ್ಲಬ್ಬುಗಳಿಗೂ ತೆರೆದ ಒಂದು ಕಪ್ಪನ್ನು ಏರ್ಪಡಿಸಬೇಕೆಂದು ಆತ ೧೮೭೧ರ ಜುಲೈ ೨೦ರಂದು ಸೂಚಿಸಿದನು. ಮೊದಲ ವರ್ಷ ಸೇರಿದ ತಂಡಗಳು ಹದಿನೈದು ಮಾತ್ರ. ೧೮೭೨ರ ಮಾರ್ಚ್ ೧೬ರಂದು ಕೆನಿಂಗ್ಟನ್ ಓವಲ್ ಮೈದಾನದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ವಿಜಯಿ ತಂಡದ ನಾಯಕ ಆಲ್ಕಾಕನೇ.

‘ಎಲ್ಲ ಕ್ಲಬ್ಬುಗಳಿಗೂ’ ಎಂಬ ಮಾತನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದನ್ನು ಬರೆದವರ ಕಣ್ಣಮುಂದೆ ಇದ್ದವರು ಸಿರಿವಂತ ಶಾಲೆಗಳಲ್ಲಿ ಕಲಿತ ತಮ್ಮಂಥವರೇ. ಹಣ ಪಡೆದು ಆಡುವವನನ್ನು ನಿಷೇಧಿಸುವ ಯೋಚನೆ ಅವರಿಗೆ ಆಗ ಬರಲಿಲ್ಲ. ಅಂಥವನೊಬ್ಬ ಬಂದಾನೆಂಬ ಸಂಶಯವೇ ಇರಲಿಲ್ಲ. ಆದರೂ ಹಣದ ಪ್ರಶ್ನೆ ಮೊದಲ ವರ್ಷವೇ ಬೇರೊಂದು ರೂಪದಲ್ಲಿ ತಲೆಯೆತ್ತಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ತಂಡ ಉಪಾಂತ್ಯ ಪಂದ್ಯಕ್ಕಾಗಿ ಲಂಡನ್ನಿಗೆ ಬಂದು ವಾಂಡರರ್ಸ್ ತಂಡದೊಡನೆ ಸಮಸಮವಾಗಿ ಆಡಿತು. ಮರುಪಂದ್ಯಕ್ಕೆ ಲಂಡನ್ನಿನಲ್ಲಿ ಉಳಿಯುವಷ್ಟು ಹಣ ಆ ತಂಡದಲ್ಲಿರಲಿಲ್ಲ. ಅದು ಸ್ಪರ್ಧೆಯಿಂದ ಹಿಂತೆಗೆಯಿತು. ವಾಂಡರರ್ಸ್ ಅಂತಿಮ ಪಂದ್ಯಕ್ಕೆ ಏರಿತು. ಬಾಗಿಲು ತೆರೆದಿದ್ದರೂ ಅಲ್ಲಿಯವರೆಗೆ ನಡೆದುಬರುವ ದಾರಿಯ ಖರ್ಚನ್ನು ಯಾರು ಕೊಡಬೇಕೆಂಬ ಪ್ರಶ್ನೆ ಆಗಲೇ ಉಳಿದುಕೊಂಡಿತು.

೩. ಕೂಲಿಯ ಪ್ರಶ್ನೆ

ಮುಂದಿನ ಹತ್ತು ವರ್ಷಗಳಲ್ಲಿ ಆಟವು ಉತ್ತರದ ಲ್ಯಾಂಕಷೈರಿನ ಗಿರಣಿ ಊರುಗಳಿಗೆ ಹಬ್ಬಿತು. ಶನಿವಾರ ಮಧ್ಯಾಹ್ನ ಗಿರಣಿ ಮುಚ್ಚುವ ಪದ್ಧತಿ ಬಂದಿದ್ದುದರಿಂದ ಕಾರ್ಮಿಕರಿಗೆ ಆಡಲೂ ನೋಡಲೂ ಬಿಡುವು ದೊರೆತಿತ್ತು. ೧೮೮೨ರಲ್ಲಿ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವಾದ ಓಲ್ಡ್ ಈಟೋನಿಯನ್ಸ್ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು ಸೋಲಿಸಿ ಕಪ್ಪನ್ನು ಪಡೆಯಿತು. ಅಂಥ ತಂಡವೊಂದು ಕಪ್ ಗೆದ್ದದ್ದು ಅದೇ ಕೊನೆ. ಮರುವರ್ಷ ನೇಕಾರರೂ ನೂಲುವವರೂ ಕೂಡಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಅದೇ ಈಟೋನಿಯನ್ನರನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿತು. ಅಂತಿಮ ಪಂದ್ಯಕ್ಕೆ ಮುನ್ನ ಆ ತಂಡ ಸಮುದ್ರತೀರದ ಬ್ಲ್ಯಾಕ್‌ಪೂಲಿಗೆ ಹೋಗಿ ಅಭ್ಯಾಸ ಮಾಡಿತ್ತು. ಕೂಲಿ ಕೆಲಸ ಬಿಟ್ಟು ಕೆಲವು ದಿನ ಆಟದ ಸಿದ್ಧತೆಯಲ್ಲಿ ಕಳೆಯಬೇಕಾದರೆ ಯಾರೋ ಹಣ ಕೊಡಲೇಬೇಕು. ಕಬ್ಬಿಣದ ಕಾರ್ಖಾನೆಯ ಯಜಮಾನನೊಬ್ಬ ಕೊಟ್ಟಿದ್ದನು.

ಈ ಗುಟ್ಟು ಬಹಳ ಕಾಲ ಗುಟ್ಟಾಗಿ ಉಳಿಯಲಿಲ್ಲ. ೧೮೮೪ರ ಜನವರಿಯಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡದೊಡನೆ ಸಮ ಮಾಡಿಕೊಂಡ ಲಂಡನ್ನಿನ ಅಪ್ಟನ್ ಪಾರ್ಕ್ ತಂಡವು, ಎದುರಾಳಿಗಳು ಕೂಲಿಯ ಆಟಗಾರರೆಂದು ದೂರಿತು. ಪ್ರೆಸ್ಟನ್ನಿನ ವ್ಯವಸ್ಥಾಪಕ ವಿಲಿಯಂ ಸಡೆಲ್ ಆರೋಪವನ್ನು ಅಲ್ಲಗಳೆಯಲಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಿದ್ದಾರೆಂಬುದು ಆತನ ವಾದ. ಪ್ರೆಸ್ಟನ್ ಹೊರಹಾಕಲ್ಪಟ್ಟಿತು. ಉತ್ತರದ ಕ್ಲಬ್ಬುಗಳು ಬೇರೆ ಸಂಘವನ್ನೇ ಕಟ್ಟುವೆವೆಂದು ಬೆದರಿಕೆ ಹಾಕಿದುವು. ಕೊನೆಗೆ ೧೮೮೫ರ ಜುಲೈ ೨೦ರಂದು, ಎಂದರೆ ಆಲ್ಕಾಕನ ಸೂಚನೆಯಾದ ಹದಿನಾಲ್ಕು ವರ್ಷಗಳಿಗೆ ಸರಿಯಾಗಿ ಅದೇ ದಿನ, ಅಸೋಸಿಯೇಷನ್ ವೃತ್ತಿಯಾಟವನ್ನು ನಿರ್ಬಂಧಗಳೊಡನೆ ಅಂಗೀಕರಿಸಿತು. ಕಪ್ ಪಂದ್ಯದಲ್ಲಿ ಆಡುವ ವೃತ್ತಿಗಾರನು ಕ್ಲಬ್ಬಿನ ಮೈದಾನದಿಂದ ಆರು ಮೈಲಿಗಳೊಳಗೆ ಹುಟ್ಟಿರಬೇಕು, ಇಲ್ಲವೆ ಎರಡು ವರ್ಷ ಅಲ್ಲಿ ವಾಸಿಸಿರಬೇಕು ಎಂಬುದು ಅವುಗಳಲ್ಲೊಂದು. ನಾಲ್ಕು ವರ್ಷಗಳ ಬಳಿಕ, ೧೮೮೯ರಲ್ಲಿ, ಹೊರಹಾಕಲ್ಪಟ್ಟಿದ್ದ ಅದೇ ಪ್ರೆಸ್ಟನ್ ಒಂದು ಗೋಲನ್ನೂ ಬಿಟ್ಟುಕೊಡದೆ ಕಪ್ಪನ್ನು ಗೆದ್ದಿತು.

ಇಲ್ಲಿ ರಗ್ಬಿಯ ಚರಿತ್ರೆಯೊಡನೆ ಹೋಲಿಕೆ ಉಪಯುಕ್ತ. ಕಲ್ಕತ್ತಾದ ಫುಟ್‌ಬಾಲ್ ಕ್ಲಬ್ಬು ವಿಸರ್ಜನೆಯಾದಾಗ, ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ಪನ್ನು ೧೮೭೮ರಲ್ಲಿ ರಗ್ಬಿ ಯೂನಿಯನ್ನಿಗೆ ಅರ್ಪಿಸಿತು. ಎಫ್. ಎ. ಕಪ್ಪಿನಂತೆ ಕ್ಲಬ್ಬುಗಳ ವಾರ್ಷಿಕ ಸ್ಪರ್ಧೆ ನಡೆಯಲೆಂಬುದು ದಾನಿಗಳ ಆಶಯವಾಗಿತ್ತು. ಯೂನಿಯನ್ ಒಪ್ಪಲಿಲ್ಲ, ಅದು ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದ ಪಾರಿತೋಷಕವಾಯಿತು. ೧೮೯೫ರಲ್ಲಿ, ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವ ವಿಷಯದಲ್ಲಿಯೇ ವಿವಾದವೆದ್ದು, ಉತ್ತರದ ಕ್ಲಬ್ಬುಗಳು ಬೇರ್ಪಟ್ಟುವು. ರಗ್ಬಿ ಎರಡು ಆಟಗಳಾಗಿ ಒಡೆಯಿತು. ಕಾಲ್ಚೆಂಡು ಒಡೆಯದೆ ಉಳಿದದ್ದಕ್ಕೆ ಕಾರಣಗಳು ಹಲವು. ಯಾವ ಪಕ್ಷಕ್ಕೂ ಕಳೆದುಕೊಳ್ಳಲು ಮನಸ್ಸಿಲ್ಲದ ಕಪ್ಪೊಂದು ನಡುವೆ ಇದ್ದುದು ಅವುಗಳಲ್ಲಿ ಒಂದೆಂದು ಊಹಿಸಬಹುದು.

೪. ‘ಹವ್ಯಾಸಿ’ ಎಂಬ ಪದದ ಗತಿ

ವೃತ್ತಿಗಾರರು ಒಳಬಂದ ಮೇಲೆ ಹವ್ಯಾಸಿಗಳಿಗೆ ಕಪ್ ಗೆಲ್ಲುವ ಆಸೆ ಉಳಿಯಲಿಲ್ಲ. ಅವರಿಗಾಗಿ ೧೮೯೩–೯೪ರಲ್ಲಿ ಅಮೆಚೂರ್ ಕಪ್ ಎಂಬ ಬೇರೆ ಪಂದ್ಯಾವಳಿ ಆರಂಭವಾಯಿತು. ೧೮೮೧ರಲ್ಲಿ ಎಫ್. ಎ. ಕಪ್ಪನ್ನೇ ಗೆದ್ದಿದ್ದ ಓಲ್ಡ್ ಕಾರ್ಥೂಸಿಯನ್ಸ್ ಅದರ ಮೊದಲ ವಿಜಯಿ. ಹಾಗೆಂದು ದೊಡ್ಡ ಕಪ್ಪಿನ ಬಾಗಿಲು ಹವ್ಯಾಸಿಗಳಿಗೆ ಮುಚ್ಚಲಿಲ್ಲವೆಂಬುದು ಮುಖ್ಯ.

ಹವ್ಯಾಸಿಯೆಂದರೆ ಯಾರು? ಶಬ್ದಾರ್ಥದಲ್ಲಿ ಪ್ರೀತಿಗಾಗಿ ಆಡುವವನು. ಸಾಮಾಜಿಕ ಅರ್ಥದಲ್ಲಿ ಆಡಿದರೂ ಆಡದಿದ್ದರೂ ಊಟಕ್ಕೆ ಕೊರತೆಯಿಲ್ಲದವನು. ಶನಿವಾರದ ಕೂಲಿಯನ್ನು ಬಿಟ್ಟು ಆಡುವ ನೇಕಾರನು ಕೇಳಿದ್ದು ಪ್ರೀತಿಯ ಬೆಲೆಯನ್ನಲ್ಲ, ಕಳೆದ ದಿನದ ಬೆಲೆಯನ್ನು. ಬಡವರು ಹವ್ಯಾಸಿ ತಂಡಗಳಿಗೆ ಬಂದಂತೆ ಅಲ್ಲಿಯೂ ಹಣ ಗುಟ್ಟಾಗಿ ಕೈಬದಲಾಗತೊಡಗಿತು. ನಿಯಮಕ್ಕೂ ನಡತೆಗೂ ಸಂಬಂಧವಿಲ್ಲದಂತಾದ ಮೇಲೆ ಅಸೋಸಿಯೇಷನ್ ೧೯೭೪ರಲ್ಲಿ ಈ ಭೇದವನ್ನೇ ತೊಡೆದುಹಾಕಿತು. ಅಮೆಚೂರ್ ಕಪ್ಪೂ ಅದೇ ವರ್ಷ ಕೊನೆಗೊಂಡಿತು. ಅಂದಿನಿಂದ ಎಲ್ಲರೂ ‘ಆಟಗಾರರು’. ಆದರೆ ಪೂರ್ಣ ಸಂಬಳದವನು, ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವನು, ಏನನ್ನೂ ಪಡೆಯದವನು ಎಂಬ ಭೇದಗಳು ಇಂದಿಗೂ ಇವೆ. ಅಳಿದದ್ದು ಪದ ಮಾತ್ರ.

೫. ಮರುಪಂದ್ಯ

ಈ ಹಿನ್ನೆಲೆಯಲ್ಲಿ ಮರುಪಂದ್ಯದ ನಿಯಮವನ್ನು ನೋಡಬೇಕು. ಪಂದ್ಯ ಸಮವಾದರೆ ಎದುರಾಳಿಯ ಮೈದಾನದಲ್ಲಿ ಮತ್ತೆ ಆಡುವುದು ದೀರ್ಘಕಾಲ ನಡೆದುಬಂದ ಪದ್ಧತಿ. ೧೯೭೨ರಲ್ಲಿ ಲೀಗಿನ ಹೊರಗಿದ್ದ ಹೆರೆಫರ್ಡ್ ಯುನೈಟೆಡ್ ಮೊದಲು ನ್ಯೂಕ್ಯಾಸಲ್ಲಿನಲ್ಲಿ ಸಮ ಮಾಡಿಕೊಂಡು, ತನ್ನ ಮೈದಾನದ ಮರುಪಂದ್ಯದಲ್ಲಿ ೨–೧ರಿಂದ ಗೆದ್ದಿತು. ೧೯೭೮ರಲ್ಲಿ ಬ್ಲೈತ್ ಸ್ಪಾರ್ಟನ್ಸ್ ಎಂಬ ಸಣ್ಣ ಊರಿನ ತಂಡ ಐದನೆಯ ಸುತ್ತಿನಲ್ಲಿ ರೆಕ್ಸಮ್ ತಂಡದೊಡನೆ ಆಡಿದ ಮರುಪಂದ್ಯವನ್ನು ನೋಡಲು ೪೨ ಸಾವಿರಕ್ಕೂ ಹೆಚ್ಚು ಜನ ನೆರೆದರು. ೨೦೦೫ರಲ್ಲಿ ಸಾಲದಲ್ಲಿ ಮುಳುಗಿದ್ದ, ಅಭಿಮಾನಿಗಳ ಒಡೆತನದ ಎಕ್ಸೆಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದೊಡನೆ ಅದರ ಮೈದಾನದಲ್ಲಿಯೇ ಗೋಲಿಲ್ಲದೆ ಸಮ ಮಾಡಿಕೊಂಡಿತು. ಮರುಪಂದ್ಯದಲ್ಲಿ ಸೋತಿತು; ಆದರೆ ಎರಡು ಪಂದ್ಯಗಳ ಆದಾಯದಿಂದ ಕ್ಲಬ್ಬು ಚೇತರಿಸಿಕೊಂಡಿತು. ಕಪ್ ಪಂದ್ಯಗಳಲ್ಲಿ ಬಾಗಿಲ ಹಣವನ್ನು ಎರಡೂ ತಂಡಗಳು ಹಂಚಿಕೊಳ್ಳುವ ಕ್ರಮವಿರುವುದೇ ಇದಕ್ಕೆ ಕಾರಣ.

೨೦೨೪–೨೫ರಿಂದ ಮೊದಲನೆಯ ಮುಖ್ಯ ಸುತ್ತಿನಿಂದಾಚೆಗೆ ಮರುಪಂದ್ಯಗಳನ್ನು ಪೂರ್ಣವಾಗಿ ರದ್ದುಗೊಳಿಸಲಾಯಿತು. ಯೂರೋಪಿನ ಪಂದ್ಯಾವಳಿಗಳು ವಿಸ್ತಾರಗೊಂಡು ದಿನಗಳು ಸಾಲದಾದುವೆಂಬುದು ಕೊಟ್ಟ ಕಾರಣ. ಕೆಳಗಿನ ಶ್ರೇಣಿಗಳ ಅನೇಕ ಕ್ಲಬ್ಬುಗಳು ಪ್ರತಿಭಟಿಸಿದುವು. ಈ ವಿವಾದದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ದುರ್ಬಲ ತಂಡವೊಂದು ಪ್ರಬಲ ತಂಡವನ್ನು ನೂರರಲ್ಲಿ ಹತ್ತು ಸಲ ಗೆಲ್ಲುವುದೆಂದೂ ಇಪ್ಪತ್ತು ಸಲ ಸಮ ಮಾಡಿಕೊಳ್ಳುವುದೆಂದೂ ಉದಾಹರಣೆಗಾಗಿ ಭಾವಿಸೋಣ. ಪೆನಾಲ್ಟಿ ಒದೆತದಲ್ಲಿ ಇಬ್ಬರಿಗೂ ಸಮ ಸಂಭವವಿರಲಿ. ಸಮವಾದೊಡನೆ ಪೆನಾಲ್ಟಿಗೆ ಹೋದರೆ ದುರ್ಬಲ ತಂಡವು ನೂರರಲ್ಲಿ ಇಪ್ಪತ್ತು ಸಲ ಮುಂದೆ ಹೋಗುತ್ತದೆ. ಮೊದಲು ಮರುಪಂದ್ಯವಾಡಿ, ಅದೂ ಸಮವಾದರೆ ಮಾತ್ರ ಪೆನಾಲ್ಟಿಗೆ ಹೋದರೆ ಹದಿನಾಲ್ಕು ಸಲ ಮಾತ್ರ. ಸ್ವಂತ ಮೈದಾನದ ಅನುಕೂಲವನ್ನು ಬದಿಗಿಟ್ಟರೆ, ಮರುಪಂದ್ಯವು ಬಲಿಷ್ಠನಿಗೆ ಎರಡನೆಯ ಅವಕಾಶ. ಗೆಲುವಿನ ಲೆಕ್ಕದಲ್ಲಿ ಅದರ ರದ್ದತಿ ಸಣ್ಣವರಿಗೆ ಲಾಭವೆಂದೇ ಹೇಳಬೇಕು.

ಹಾಗಿದ್ದೂ ಸಣ್ಣ ಕ್ಲಬ್ಬುಗಳು ಪ್ರತಿಭಟಿಸಿದ್ದೇಕೆ? ಅವು ಕಳೆದುಕೊಂಡದ್ದು ಗೆಲುವಿನ ಸಂಭವವನ್ನಲ್ಲ, ಇನ್ನೊಂದು ದಿನದ ಆದಾಯವನ್ನು ಮತ್ತು ಹೆಸರಾಂತ ತಂಡ ತಮ್ಮ ಊರಿಗೆ ಬರುವ ಭಾಗ್ಯವನ್ನು. ೧೮೭೨ರಲ್ಲಿ ಕ್ವೀನ್ಸ್ ಪಾರ್ಕ್ ತಂಡಕ್ಕೆ ಮರುಪಂದ್ಯ ಭರಿಸಲಾಗದ ವೆಚ್ಚವಾಗಿತ್ತು. ಮುಂದೆ ಅದೇ ಮರುಪಂದ್ಯ ಬಡ ಕ್ಲಬ್ಬಿನ ಬೊಕ್ಕಸವಾಯಿತು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ತೆರೆದ ಪಂದ್ಯಾವಳಿಯು ಅಸಮಾನರನ್ನು ಸಮಾನರನ್ನಾಗಿ ಮಾಡಲಿಲ್ಲ. ೧೮೮೮ರಲ್ಲಿ ಲೀಗ್ ಹುಟ್ಟಿದ ಬಳಿಕ ಅದರ ಹೊರಗಿನ ತಂಡವೊಂದು ಕಪ್ ಗೆದ್ದದ್ದು ಒಮ್ಮೆ ಮಾತ್ರ—೧೯೦೧ರಲ್ಲಿ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್. ಅದೂ ವೃತ್ತಿಗಾರರ ತಂಡವೇ. ೨೦೧೭ರಲ್ಲಿ ಲಿಂಕನ್ ಸಿಟಿ ಎಂಟರ ಘಟ್ಟ ಮುಟ್ಟಿದ್ದು ಮಹತ್ತ್ವದ ಸುದ್ದಿಯಾಯಿತು. ಆದರೆ ಅಸಮಾನರು ಒಂದೇ ಕಣದಲ್ಲಿ ಇದಿರಾಗಲೇಬೇಕಾದುದರಿಂದ ಆಟಕ್ಕೆ ಯಾರು ಬೆಲೆ ತೆರುತ್ತಾರೆಂಬ ಪ್ರಶ್ನೆಯನ್ನು ಯಾರೂ ಮರೆಮಾಚಲಾಗಲಿಲ್ಲ. ೧೮೮೫ರಲ್ಲಿ ಅದು ಆಟಗಾರನ ಕೂಲಿಯ ರೂಪದಲ್ಲಿ ಬಂದಿತು. ೨೦೨೪ರಲ್ಲಿ ಕ್ಲಬ್ಬಿನ ಆದಾಯದ ರೂಪದಲ್ಲಿ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಹೋಲುವ ಅಧ್ಯಯನದ ವಿಷಯವಿದೆ. ೧೯೭೭ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊದಲ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಂಡ ಕಲ್ಕತ್ತಾದ ಮೋಹನ್ ಬಾಗಾನ್ ತಂಡವನ್ನು ೧–೦ಯಿಂದ ಸೋಲಿಸಿತು. ಫೆಡರೇಷನ್ ಕಪ್ ಎಲ್ಲರಿಗೂ ತೆರೆದ ಪಂದ್ಯಾವಳಿಯಾಗಿರಲಿಲ್ಲ. ಆದರೂ ಕಾರ್ಖಾನೆಯ ಹೆಸರಿನ ತಂಡವೊಂದು ದೇಶದ ಅತಿ ಪ್ರಸಿದ್ಧ ಕ್ಲಬ್ಬನ್ನು ಮಣಿಸಿದ್ದು ವಿಚಾರಾರ್ಹ. ಆಟದ ಸಲುವಾಗಿ ನೌಕರಿ ದೊರೆತವನನ್ನು ಹವ್ಯಾಸಿಯೆನ್ನಬೇಕೆ, ವೃತ್ತಿಗಾರನೆನ್ನಬೇಕೆ? ಇಂಗ್ಲೆಂಡಿನ ಎರಡು ಪದಗಳಲ್ಲಿ ಯಾವುದೂ ಅವನಿಗೆ ಸರಿಯಾಗಿ ಒಪ್ಪುವುದಿಲ್ಲ. ನಮ್ಮ ಕಾರ್ಖಾನೆ ಮತ್ತು ಸರ್ಕಾರಿ ಸಂಸ್ಥೆಗಳ ತಂಡಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಸಂಗ್ರಹಿಸುವ ಕಾರ್ಯವನ್ನು ವಿದ್ಯಾರ್ಥಿಗಳು ಕೈಕೊಂಡರೆ, ಆಟಕ್ಕೂ ದುಡಿಮೆಗೂ ಇರುವ ಸಂಬಂಧದ ಮೇಲೆ ಹೊಸ ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ.