ಕೈಗೆ ತಾಗುವ ಕಂಪನ: ಗಿಮಿಕ್ಕೋ, ಮಾಹಿತಿಯೋ?

ಒಂದು ಪೆನ್ಸಿಲನ್ನು ಸಡಿಲವಾಗಿ ಹಿಡಿದು ಕಣ್ಣು ಮುಚ್ಚಿಕೊಳ್ಳಿ. ಅದರ ತುದಿಯನ್ನು ಮೊದಲು ನೋಟ್‌ಪುಸ್ತಕದ ಹಾಳೆಯ ಮೇಲೆ, ಆಮೇಲೆ ಬಟ್ಟೆಯ ಮೇಲೆ, ಕೊನೆಗೆ ಮರಳುಕಾಗದದ ಮೇಲೆ ಎಳೆಯಿರಿ. ಯಾವುದು ಯಾವುದೆಂದು ನೀವು ಸುಲಭವಾಗಿ ಹೇಳಬಲ್ಲಿರಿ. ಈಗ ಸ್ವಲ್ಪ ಯೋಚಿಸಿ. ನಿಮ್ಮ ಬೆರಳು ಹಾಳೆಯನ್ನಾಗಲಿ, ಬಟ್ಟೆಯನ್ನಾಗಲಿ, ಮರಳುಕಾಗದವನ್ನಾಗಲಿ ಮುಟ್ಟಿಯೇ ಇಲ್ಲ. ಅದು ಮುಟ್ಟಿದ್ದು ಪೆನ್ಸಿಲಿನ ನುಣುಪಾದ ಮೈಯನ್ನು ಮಾತ್ರ. ಹಾಗಾದರೆ ತುದಿಯ ಬಳಿ ಏನಿದೆ ಎಂಬ ಸುದ್ದಿಯನ್ನು ಬೆರಳಿಗೆ ತಂದವರು ಯಾರು? ಪೆನ್ಸಿಲಿನ ಮೂಲಕ ಹರಿದು ಬಂದ ಸೂಕ್ಷ್ಮ ಕಂಪನಗಳು.

ಈ ಪುಟ್ಟ ಪ್ರಯೋಗವನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಂದು ಪ್ರಶ್ನೆಗೆ ಬರೋಣ. ವಿಡಿಯೋ ಆಟ ಆಡುವವರು ಎರಡೂ ಕೈಗಳಲ್ಲಿ ಹಿಡಿಯುವ ಕಂಟ್ರೋಲರ್ ಆಟದ ನಡುವೆ ನಡುಗುತ್ತದೆ. ಇತ್ತೀಚಿನ ಕಂಟ್ರೋಲರ್‌ಗಳಲ್ಲಿ ಈ ಕಂಪನ ಬಹಳ ಸುಧಾರಿಸಿದೆ ಎಂದು ತಯಾರಕರು ಜಾಹೀರಾತು ಕೊಡುತ್ತಾರೆ. ಗಿರಾಕಿಗಳನ್ನು ಸೆಳೆಯುವ ಬರಿಯ ಗಿಮಿಕ್ ಇದು ಎಂದು ಅನೇಕ ಆಟಗಾರರು ತಳ್ಳಿಹಾಕುತ್ತಾರೆ. ಯಾರ ಮಾತು ಸರಿ? ಇದಕ್ಕೆ ಉತ್ತರ ಹುಡುಕಲು ಅಭಿರುಚಿಯ ವಾದ ಸಾಲದು. ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಜೀವವಿಜ್ಞಾನ ಬೇಕು.

ಓರೆ ತೂಕದ ಮೋಟಾರು

ಆಟದ ಯಂತ್ರವನ್ನು ನಡುಗಿಸುವ ಆಲೋಚನೆ ಹಳೆಯದು. 1976ರಲ್ಲಿ ಸೆಗಾ ಕಂಪನಿಯ ‘ಮೋಟೋ-ಕ್ರಾಸ್’ ಎಂಬ ಬೈಕ್ ಆಟದಲ್ಲಿ ಡಿಕ್ಕಿಯಾದಾಗ ಹ್ಯಾಂಡಲ್ ಅದುರುತ್ತಿತ್ತು. 1997ರಲ್ಲಿ ನಿಂಟೆಂಡೊ ಕಂಪನಿ ‘ರಂಬಲ್ ಪ್ಯಾಕ್’ ಎಂಬ ಡಬ್ಬಿಯನ್ನು ತಂದಿತು. ಎರಡು ಸಣ್ಣ ಬ್ಯಾಟರಿಗಳಿಂದ ನಡೆಯುತ್ತಿದ್ದ ಅದನ್ನು ಕಂಟ್ರೋಲರ್‌ಗೆ ಸಿಕ್ಕಿಸಬೇಕಿತ್ತು. ಅದೇ ವರ್ಷ ಸೋನಿ ಕಂಪನಿಯ ‘ಡ್ಯುಯಲ್‌ಶಾಕ್’ ಬಂದಿತು. ಅದರ ಒಂದು ಹಿಡಿಯೊಳಗೆ ದೊಡ್ಡ ಮೋಟಾರು, ಇನ್ನೊಂದರೊಳಗೆ ಚಿಕ್ಕದು.

ಈ ಮೋಟಾರಿನ ರಚನೆ ಬಹು ಸರಳ. ತಿರುಗುವ ದಂಡಕ್ಕೆ ಒಂದೇ ಕಡೆ ಭಾರವಿರುವ ಲೋಹದ ತುಂಡನ್ನು ಕೂರಿಸಿರುತ್ತಾರೆ. ಅದು ತಿರುಗಿದಾಗ ಇಡೀ ಪೆಟ್ಟಿಗೆ ಅಲುಗುತ್ತದೆ. ಅಲುಗಿಸುವ ಬಲದ ಲೆಕ್ಕ ನಿಮಗೆ ಗೊತ್ತಿರುವುದೇ:

ಬಲ = ದ್ರವ್ಯರಾಶಿ × ತ್ರಿಜ್ಯ × (ಕೋನವೇಗ)²

ಉದಾಹರಣೆಗೆ, 2 ಗ್ರಾಂ ತೂಕದ ತುಂಡಿನ ಗುರುತ್ವ ಕೇಂದ್ರ ದಂಡದಿಂದ 3 ಮಿಲಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 50 ಸುತ್ತು ತಿರುಗಿದರೆ ಬಲ ಸುಮಾರು 0.6 ನ್ಯೂಟನ್. 100 ಸುತ್ತು ತಿರುಗಿದರೆ ಸುಮಾರು 2.4 ನ್ಯೂಟನ್. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ.

ಈ ಮೋಟಾರಿನ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಕಂಪನದ ಆವೃತ್ತಿ ಮತ್ತು ಅದರ ಬಲ ಒಂದಕ್ಕೊಂದು ಕಟ್ಟುಬಿದ್ದಿವೆ. ಹೆಚ್ಚಿನ ಆವೃತ್ತಿಯ ಮೆಲುವಾದ ಕಂಪನ ಬೇಕೆಂದರೆ ಸಿಗದು. ಕಡಿಮೆ ಆವೃತ್ತಿಯ ಬಲವಾದ ಕಂಪನವೂ ಸಿಗದು. ಜೋರಾಗಿ ಹಾಡಿದಾಗಲೆಲ್ಲ ಸ್ವರವೂ ಮೇಲೇರುವ, ಮೆಲ್ಲಗೆ ಹಾಡಿದರೆ ಸ್ವರವೂ ಕೆಳಗಿಳಿಯುವ ಗಾಯಕನನ್ನು ಊಹಿಸಿಕೊಳ್ಳಿ. ಅವನಿಂದ ಎಂಥ ರಾಗ ಹೊರಟೀತು? ಇದಲ್ಲದೆ ನಿಂತ ಮೋಟಾರು ವೇಗ ಪಡೆಯಲು ಮತ್ತು ತಿರುಗುವುದು ಮತ್ತೆ ನಿಲ್ಲಲು ಹತ್ತಾರು ಮಿಲಿಸೆಕೆಂಡು ಬೇಕು. ಹೀಗಾಗಿ ‘ಟಕ್’ ಎಂದು ಆಗಬೇಕಾದ ಪೆಟ್ಟು ‘ಬುರ್ರ್’ ಎಂದಾಗುತ್ತದೆ.

ಚರ್ಮ ಓದುವ ಬಗೆ

ಚರ್ಮಕ್ಕೆ ಈ ವ್ಯತ್ಯಾಸಗಳು ತಿಳಿಯುವುದೇ ಇಲ್ಲ ಎನ್ನುವುದಾದರೆ ಸುಧಾರಣೆಯ ಮಾತೇ ವ್ಯರ್ಥ. ಆದರೆ ಅದಕ್ಕೆ ತಿಳಿಯುತ್ತದೆ. ನಮ್ಮ ಒಂದು ಅಂಗೈ ಮತ್ತು ಅದರ ಬೆರಳುಗಳಲ್ಲಿ ಒಟ್ಟು ಸುಮಾರು 17,000 ಸ್ಪರ್ಶ ನರತಂತುಗಳಿವೆ ಎಂಬುದು ಅಂದಾಜು. ಅವುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮರ್ಕೆಲ್ ಗ್ರಾಹಕಗಳು ಒತ್ತಡವನ್ನೂ ಅಂಚುಗಳನ್ನೂ ಗುರುತಿಸುತ್ತವೆ. ರುಫಿನಿ ಗ್ರಾಹಕಗಳು ಚರ್ಮದ ಎಳೆತಕ್ಕೆ ಸ್ಪಂದಿಸುತ್ತವೆ. ಮೈಸ್ನರ್ ಗ್ರಾಹಕಗಳು ಸುಮಾರು 5ರಿಂದ 50 ಹರ್ಟ್ಸ್ ಆವೃತ್ತಿಯ ನಿಧಾನ ಅದುರನ್ನು ಹಿಡಿಯುತ್ತವೆ. ಚರ್ಮದ ಆಳದಲ್ಲಿರುವ ಪಚೀನಿಯನ್ ಗ್ರಾಹಕಗಳು ಸುಮಾರು 40ರಿಂದ 400 ಹರ್ಟ್ಸ್‌ವರೆಗಿನ ವೇಗದ ಕಂಪನವನ್ನು ಹಿಡಿಯುತ್ತವೆ.

ಪಚೀನಿಯನ್ ಗ್ರಾಹಕವನ್ನು ಅಡ್ಡಲಾಗಿ ಸೀಳಿದರೆ ಈರುಳ್ಳಿಯಂತೆ ಪದರಪದರವಾಗಿ ಕಾಣುತ್ತದೆ. ನಿಧಾನವಾದ ಒತ್ತಡವನ್ನು ಈ ಪದರಗಳು ಒಳಗೆ ಬಿಡುವುದಿಲ್ಲ. ವೇಗದ ಬದಲಾವಣೆಗಳು ಮಾತ್ರ ನರದ ತುದಿಯನ್ನು ತಲುಪುತ್ತವೆ. 250 ಹರ್ಟ್ಸ್ ಸುಮಾರಿಗೆ ಇದು ಅತ್ಯಂತ ಚುರುಕು. ಅಲ್ಲಿ ಒಂದು ಮೈಕ್ರೋಮೀಟರಿಗಿಂತ ಕಡಿಮೆ ಅಲುಗಾಟವೂ ಬೆರಳತುದಿಗೆ ಗೊತ್ತಾಗುತ್ತದೆ. ತಲೆಗೂದಲಿನ ದಪ್ಪವೇ ಅದರ ಹತ್ತಾರು ಪಟ್ಟು! ಚರ್ಮದ ಮೇಲಿನ ಒತ್ತಡ ವಿದ್ಯುತ್ ಸಂಕೇತವಾಗುವ ಮೊದಲ ಹಂತದಲ್ಲಿ ಕೆಲಸ ಮಾಡುವ ಪೀಜೋ-2 ಪ್ರೋಟೀನನ್ನು ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಶೋಧಕ್ಕಾಗಿಯೇ.

ಪೆನ್ಸಿಲಿನ ತುದಿಯ ಸುದ್ದಿಯನ್ನು ನೀವು ಓದಿದ್ದು ಬಹುಮಟ್ಟಿಗೆ ಪಚೀನಿಯನ್ ಗ್ರಾಹಕಗಳಿಂದ. ಮುಖ್ಯವಾದ ಮಾತೆಂದರೆ, ಅವು ಓದುವುದು ಕಂಪನದ ಬಲವನ್ನಷ್ಟೇ ಅಲ್ಲ, ಅದರ ವಿನ್ಯಾಸವನ್ನು. ಓರೆ ತೂಕದ ಮೋಟಾರಿಗೆ ಆ ವಿನ್ಯಾಸವನ್ನು ಬರೆಯಲು ಬರುವುದಿಲ್ಲ.

ಹೊಸ ಸಾಧನಗಳು

ಹಾಗಾದರೆ ಈಚಿನ ಕಂಟ್ರೋಲರ್‌ಗಳಲ್ಲಿ ಬದಲಾದದ್ದೇನು? ತಿರುಗುವ ಮೋಟಾರಿನ ಬದಲು ಹಿಂದೆಮುಂದೆ ಸರಿಯುವ ತೂಕ ಬಂದಿದೆ. 2017ರಲ್ಲಿ ಬಿಡುಗಡೆಯಾದ ನಿಂಟೆಂಡೊ ಸ್ವಿಚ್‌ನ ಕಂಟ್ರೋಲರ್‌ಗಳಲ್ಲಿ ಒಂದು ತೂಕ ಸ್ಪ್ರಿಂಗ್‌ಗೆ ಅಂಟಿಕೊಂಡಿದೆ. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿಸಿದಾಗ ಕಾಂತಬಲದಿಂದ ಅದು ಕಂಪಿಸುತ್ತದೆ. ಸ್ಪ್ರಿಂಗ್ ಮತ್ತು ತೂಕದ ಜೋಡಿಗೆ ತನ್ನದೇ ಸಹಜ ಆವೃತ್ತಿ ಇರುತ್ತದೆಯಲ್ಲವೇ? ಅದಕ್ಕೆ ಹೊಂದುವ ವಿದ್ಯುತ್ ಕೊಟ್ಟರೆ ಅನುರಣನೆಯಿಂದ ಕಂಪನ ಬಲವಾಗುತ್ತದೆ. ಇಲ್ಲಿ ಬಳಸಿದ ಸಾಧನವನ್ನು 160 ಮತ್ತು 320 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಪಚೀನಿಯನ್ ಗ್ರಾಹಕಗಳು ಚುರುಕಾಗಿರುವ ಕಡೆಯೇ, ಅನುರಣಿಸುವಂತೆ ಮಾಡಲಾಗಿದೆ.

2020ರಲ್ಲಿ ಬಂದ ಸೋನಿಯ ‘ಡ್ಯುಯಲ್‌ಸೆನ್ಸ್’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಎರಡೂ ಹಿಡಿಗಳಲ್ಲಿರುವುದು ಧ್ವನಿವರ್ಧಕದ ತತ್ತ್ವದಲ್ಲೇ ಕೆಲಸ ಮಾಡುವ ಸುರುಳಿ. ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲಿನ ಬಲ ವಿದ್ಯುತ್ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಪ್ರವಾಹದ ಅಲೆ ಹೇಗಿದೆಯೋ ಕಂಪನದ ಅಲೆಯೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆಟ ತಯಾರಿಸುವವರು ಧ್ವನಿಯನ್ನು ಬರೆಯುವಂತೆಯೇ ಕಂಪನವನ್ನೂ ಅಲೆಯಾಗಿ ಬರೆದು ಕಳುಹಿಸಬಹುದು. ಆವೃತ್ತಿ ಬೇರೆ, ಪಾರ ಬೇರೆ, ಶುರುವಾಗುವ ಮತ್ತು ನಿಲ್ಲುವ ಕ್ಷಣ ಬೇರೆ. ಮೂರನ್ನೂ ಪ್ರತ್ಯೇಕವಾಗಿ ನಿಯಂತ್ರಿಸಬಹುದು. ನಿಜವಾದ ಸುಧಾರಣೆ ಇದು. ಜೋರಾಗಿ ನಡುಗುವುದು ಸುಧಾರಣೆಯಲ್ಲ.

ಗಿಮಿಕ್ ಯಾವುದು?

ಸಾಧನ ಸಮರ್ಥವಾಗಿದೆ ಎಂದ ಮಾತ್ರಕ್ಕೆ ಅದರ ಬಳಕೆಯೂ ಸಾರ್ಥಕ ಎಂದಾಗುವುದಿಲ್ಲ. ಒಳ್ಳೆಯ ಸೀಮೆಸುಣ್ಣವಿದ್ದರೆ ಒಳ್ಳೆಯ ಪಾಠವಾಗುತ್ತದೆಯೇ? ಇಲ್ಲಿ ಒಂದು ಸರಳ ಪರೀಕ್ಷೆ ಸಾಧ್ಯ. ಕಂಪನವನ್ನು ಪೂರ್ತಿ ಆರಿಸಿ ಆಡಿ ನೋಡಬೇಕು. ಆಟದಲ್ಲಿ ಏನೂ ಕಳೆದುಹೋದಂತೆ ಅನಿಸದಿದ್ದರೆ ಅದು ಅಲಂಕಾರ. ತಿಳಿಯಬೇಕಾದ ಏನೋ ಒಂದು ತಿಳಿಯದೆ ಹೋದರೆ ಅದು ಮಾಹಿತಿ.

ಸ್ವಿಚ್ ಜೊತೆಗೆ ಬಂದ ‘1-2-ಸ್ವಿಚ್’ ಆಟಗಳ ಸಂಗ್ರಹದಲ್ಲಿ ಕಂಟ್ರೋಲರನ್ನು ಓಲಾಡಿಸಿ ಅದರೊಳಗೆ ಎಷ್ಟು ಗೋಲಿಗಳಿವೆ ಎಂದು ಹೇಳುವ ಒಂದು ಆಟವಿದೆ. ಒಳಗೆ ಗೋಲಿಗಳೇನೂ ಇಲ್ಲ. ಉರುಳುವಂತೆ ಮತ್ತು ಬಡಿಯುವಂತೆ ತೋರುವ ಕಂಪನ ಮಾತ್ರ ಇದೆ. ಇಲ್ಲಿ ಕಂಪನ ಆರಿಸಿದರೆ ಆಟವೇ ಇಲ್ಲ. 2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಬೆರಳಿನಿಂದ ಒತ್ತುವ ಟ್ರಿಗರ್‌ಗಳಿಗೇ ಪ್ರತ್ಯೇಕ ಮೋಟಾರು ಇಟ್ಟರು. ಕಾರ್ ಓಟದ ಆಟದಲ್ಲಿ ಚಕ್ರ ಜಾರತೊಡಗಿದರೆ ಆ ಬೆರಳಿಗೇ ಸೂಚನೆ ಬರುತ್ತದೆ. ಇದೂ ಮಾಹಿತಿಯೇ. ಆದರೆ ಬಂಡೆ ಸಿಡಿಯುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಕೇಳುತ್ತಿದೆ. ಅದರ ಮೇಲೆ ಕೈಯೂ ನಡುಗಿದರೆ ಹೊಸದಾಗಿ ತಿಳಿದದ್ದೇನು? 2021ರ ‘ರಿಟರ್ನಲ್’ ಆಟದಲ್ಲಿ ಮಳೆಹನಿಗಳು ಕೈಗೆ ತಾಗಿದಂತೆ ಭಾಸವಾಗುತ್ತದೆ. ಅದು ಸೊಗಸು, ಸೂಚನೆಯಲ್ಲ. ಸೊಗಸು ಬೇಡವೆಂದಲ್ಲ, ಅದನ್ನು ಸೊಗಸು ಎಂದೇ ಕರೆಯಬೇಕು, ಅಷ್ಟೆ.

ಒಂದೇ ಆಟವನ್ನು ಹಲವು ಯಂತ್ರಗಳಿಗೆ ಮಾರುವ ತಯಾರಕರಿಗೆ ಇನ್ನೊಂದು ಕಷ್ಟವಿದೆ. ಆಟ ಗೆಲ್ಲಲು ಬೇಕಾದ ಸೂಚನೆಯನ್ನು ಕಂಪನಕ್ಕಷ್ಟೇ ವಹಿಸಿದರೆ, ಹಳೆಯ ಕಂಟ್ರೋಲರ್ ಇರುವವರು ಆಡುವಂತಿಲ್ಲ. ಆದ್ದರಿಂದ ಅನೇಕ ಆಟಗಳಲ್ಲಿ ಸಮರ್ಥ ಸಾಧನವೂ ‘ಬುರ್ರ್’ ಎನ್ನುವುದಕ್ಕಷ್ಟೇ ಬಳಕೆಯಾಗುತ್ತದೆ. ಗಿಮಿಕ್ ಎಂಬ ದೂರು ಬಹುಪಾಲು ಹುಟ್ಟುವುದು ಇಲ್ಲಿಂದ. ಆ ದೂರು ಬಳಕೆಯ ಮೇಲಿರಬೇಕು, ತತ್ತ್ವದ ಮೇಲಲ್ಲ.

ಕಂಪನಕ್ಕೆ ಆಗದ ಕೆಲಸ

ಜಾಹೀರಾತುಗಳು ಹೇಳದ ಮಿತಿಗಳೂ ಇವೆ. ಕಂಟ್ರೋಲರನ್ನು ನೆಲಕ್ಕಾಗಲಿ ಗೋಡೆಗಾಗಲಿ ಬಿಗಿದಿಲ್ಲ. ಒಳಗಿನ ತೂಕ ಒಂದು ಕಡೆ ಸರಿದರೆ ಮತ್ತೆ ಹಿಂದಕ್ಕೆ ಬರಲೇಬೇಕು; ಇಲ್ಲದಿದ್ದರೆ ಗೋಡೆಗೆ ಬಡಿದು ನಿಲ್ಲುತ್ತದೆ. ಆದ್ದರಿಂದ ಅದು ಕೈಗೆ ಕೊಡುವ ಬಲದ ಸರಾಸರಿ ಸೊನ್ನೆ. ನ್ಯೂಟನ್ನನ ಮೂರನೆಯ ನಿಯಮವನ್ನು ಮೀರಲಾಗದು. ಹೀಗಾಗಿ ಒಂದು ಕೊಡ ನೀರಿನ ಭಾರವನ್ನಾಗಲಿ, ಹಗ್ಗದ ಬಿಡದ ಎಳೆತವನ್ನಾಗಲಿ ಕಂಪನ ನಿಜವಾಗಿ ಕೊಡಲಾರದು. ತೂಕವನ್ನು ಒಂದು ದಿಕ್ಕಿಗೆ ರಭಸದಿಂದ, ಇನ್ನೊಂದು ದಿಕ್ಕಿಗೆ ನಿಧಾನವಾಗಿ ಸರಿಸಿದರೆ ಯಾರೋ ಎಳೆದಂತೆ ಭಾಸವಾಗುತ್ತದೆ. ಆದರೆ ಅದು ನಮ್ಮ ಗ್ರಾಹಕಗಳ ಭ್ರಮೆ. ಡ್ಯುಯಲ್‌ಸೆನ್ಸ್ ಟ್ರಿಗರ್‌ಗಳು ಬೆರಳನ್ನು ನಿಜವಾಗಿಯೇ ತಡೆಯುತ್ತವೆ ನಿಜ. ಆದರೆ ಅದನ್ನು ಮಾಡುವುದು ಕಂಪನವಲ್ಲ, ಪುಟ್ಟ ಮೋಟಾರು ಮತ್ತು ಗಿಯರ್. ಆ ತಡೆಗೆ ಆಧಾರ ಕೊಡುವುದು ಅದೇ ಕೈಯ ಉಳಿದ ಬೆರಳುಗಳು.

ಇನ್ನು ಆರೋಗ್ಯದ ಮಾತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 15 ವರ್ಷದ ಒಬ್ಬ ಹುಡುಗನ ವರದಿ ಪ್ರಕಟವಾಯಿತು. ಕಂಪಿಸುವ ಕಂಟ್ರೋಲರ್ ಹಿಡಿದು ದಿನಕ್ಕೆ ಏಳು ಗಂಟೆಯವರೆಗೂ ಆಡುತ್ತಿದ್ದ ಅವನ ಕೈಗಳು ಚಳಿಗೆ ಬಿಳಿಚಿ ನೋಯುತ್ತಿದ್ದವು. ಕಲ್ಲು ಕೊರೆಯುವ ಯಂತ್ರ ಹಿಡಿಯುವ ಕಾರ್ಮಿಕರಲ್ಲಿ ಕಾಣುವ ತೊಂದರೆಯ ಲಕ್ಷಣ ಅದು. ಒಂದು ವರದಿಯಿಂದ ಹೆದರಬೇಕಿಲ್ಲ. ಆದರೆ ಕಂಪನವೂ ಒಂದು ಭೌತಿಕ ಕ್ರಿಯೆ, ಅದಕ್ಕೂ ಮಿತಿ ಬೇಕು ಎಂಬುದನ್ನು ಮಕ್ಕಳಿಗೆ ಹೇಳಬಹುದು.

ಆಟದ ಆಚೆಗೆ

ಆಟಿಕೆಯ ವಿಷಯಕ್ಕೆ ಇಷ್ಟು ಚರ್ಚೆ ಏಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆಯ ಫಲ ಆಟದಲ್ಲೇ ಮುಗಿಯುವುದಿಲ್ಲ. 2022ರಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಆಟದಲ್ಲಿ ಪಾತ್ರಗಳ ಮಾತನ್ನು ಕಂಪನವಾಗಿ ಕೈಗೆ ಕೊಡುವ ಏರ್ಪಾಡಿದೆ. ಕಿವಿ ಕೇಳದ ಆಟಗಾರ ಅಕ್ಷರಗಳಲ್ಲಿ ಮಾತನ್ನು ಓದುತ್ತಾನೆ. ಮಾತಿನ ಏರಿಳಿತ, ಎಲ್ಲಿ ಒತ್ತು, ಎಲ್ಲಿ ತಡವರಿಕೆ ಎಂಬುದನ್ನು ಕೈಯಲ್ಲಿ ಅನುಭವಿಸುತ್ತಾನೆ. ಓರೆ ತೂಕದ ಮೋಟಾರಿನಿಂದ ಇದು ಆಗುವ ಕೆಲಸವಲ್ಲ.

ದೆಹಲಿಯ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ‘ಸ್ಮಾರ್ಟ್‌ಕೇನ್’ ಕಣ್ಣು ಕಾಣದವರ ಬಿಳಿ ಕೋಲಿಗೆ ಜೋಡಿಸುವ ಸಾಧನ. ಶ್ರವಣಾತೀತ ಅಲೆಗಳಿಂದ ಅದು ಮೊಣಕಾಲಿನಿಂದ ಮೇಲಿರುವ ಅಡಚಣೆಗಳನ್ನು ಪತ್ತೆಹಚ್ಚಿ, ಅವು ಎಷ್ಟು ಹತ್ತಿರವಿವೆ ಎಂಬುದನ್ನು ಕಂಪನದ ವಿನ್ಯಾಸದಿಂದ ತಿಳಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಕುಚೆನ್‌ಬೆಕರ್ ಅವರ ತಂಡ ಶಸ್ತ್ರಚಿಕಿತ್ಸೆಯ ರೋಬಾಟಿನ ಉಪಕರಣಗಳಿಗೆ ಸಂವೇದಕ ಅಳವಡಿಸಿ, ಅಲ್ಲಿನ ಕಂಪನವನ್ನು ವೈದ್ಯರ ಕೈಗೆ ತಲುಪಿಸುವ ವ್ಯವಸ್ಥೆ ಮಾಡಿತು. ಅದೇ ವಿಶ್ವವಿದ್ಯಾಲಯದಿಂದ 2014ರಲ್ಲಿ 100 ಬಗೆಯ ಮೇಲ್ಮೈಗಳ ಕಂಪನ ಮಾದರಿಗಳ ಸಂಗ್ರಹವೂ ಹೊರಬಂತು. ಉಪಕರಣದ ತುದಿಯನ್ನು ಆ ಮೇಲ್ಮೈಗಳ ಮೇಲೆ ಎಳೆದು, ದಾಖಲಿಸಿ, ಅವನ್ನು ರೂಪಿಸಿದ್ದರು. ನಿಮ್ಮ ಪೆನ್ಸಿಲ್ ಪ್ರಯೋಗವೇ ಅಲ್ಲವೇ ಇದು?

ತರಗತಿಯಲ್ಲಿ ಮಾಡಿ ನೋಡಿ

ಆಟಿಕೆಯ ಮೋಟಾರೊಂದರ ದಂಡಕ್ಕೆ ರಬ್ಬರಿನ ತುಂಡನ್ನು ಒಂದು ಬದಿಗೆ ವಾಲುವಂತೆ ಚುಚ್ಚಿ. ಒಂದು ಸೆಲ್, ಆಮೇಲೆ ಎರಡು ಸೆಲ್ ಜೋಡಿಸಿ ಕೈಯಲ್ಲಿ ಹಿಡಿಯಿರಿ. ವೇಗ ಹೆಚ್ಚಿದಂತೆ ಬಲವೂ ಹೆಚ್ಚುವುದು ಗೊತ್ತಾಗುತ್ತದೆ; ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಪ್ರಯತ್ನಿಸಿ, ಆಗದು. ಬಳಿಕ ಹಳೆಯ ರೇಡಿಯೋದ ಧ್ವನಿವರ್ಧಕದ ಕಾಗದದ ಶಂಕುವಿನ ಮೇಲೆ ಬೆರಳನ್ನು ಹಗುರವಾಗಿಟ್ಟು ಮೃದಂಗ, ಕೊಳಲು, ಮಾತು ಇವನ್ನು ಒಂದೊಂದಾಗಿ ಕೇಳಿಸಿ. ಹತ್ತಿ ಇಟ್ಟು ಕಿವಿ ಮುಚ್ಚಿದ ವಿದ್ಯಾರ್ಥಿ ಎಷ್ಟು ಸಲ ಸರಿಯಾಗಿ ಗುರುತಿಸುತ್ತಾನೆ ಎಂದು ಪಟ್ಟಿ ಮಾಡಿ. ಬರಿಯ ಊಹೆಯಿಂದ ಮೂರರಲ್ಲಿ ಒಂದು ಸಲ ಸರಿಯಾಗಬಹುದು. ಅದಕ್ಕಿಂತ ಬಹಳ ಹೆಚ್ಚು ಸಲ ಸರಿಯಾದರೆ ಬೆರಳು ಏನನ್ನೋ ಓದುತ್ತಿದೆ ಎಂದರ್ಥ.

ಮುಂದೆ ಯಾರಾದರೂ ಹೊಸ ಯಂತ್ರದ ಕಂಪನವನ್ನು ಹೊಗಳಿದರೆ ಅಥವಾ ಹಳಿದರೆ, ಇದೇ ಪ್ರಶ್ನೆ ಕೇಳಿ: ಕಣ್ಣು ಮುಚ್ಚಿ ಹಿಡಿದರೆ ಅದು ನಿಮಗೆ ಏನನ್ನು ತಿಳಿಸುತ್ತದೆ?