ಮೂರನೇ ಪಕ್ಷ ಗೆಲ್ಲುವ ಬಗೆ: ಬ್ರಿಟನ್ನಿನ ಉಪಚುನಾವಣೆಯೊಳಗೆ

2019ರ ಡಿಸೆಂಬರ್‌ನಲ್ಲಿ ನಡೆದ ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯಲ್ಲಿ ನಾರ್ತ್ ಶ್ರಾಪ್‌ಶೈರ್ ಕ್ಷೇತ್ರದ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ ಹೆಲೆನ್ ಮಾರ್ಗನ್ ಅವರಿಗೆ ಬಿದ್ದದ್ದು 5,643 ಮತ, ಅಂದರೆ ನೂರಕ್ಕೆ ಹತ್ತು. ಗೆದ್ದ ಕನ್ಸರ್ವೇಟಿವ್ ಪಕ್ಷದ ಓವನ್ ಪ್ಯಾಟರ್ಸನ್ 35,444 ಮತ ಪಡೆದಿದ್ದರು. ಎರಡನೇ ಸ್ಥಾನ ಲೇಬರ್ ಪಕ್ಷದ್ದು. ಎರಡೇ ವರ್ಷ ಕಳೆದು, 2021ರ ಡಿಸೆಂಬರ್ 16ರಂದು ಅಲ್ಲಿ ಉಪಚುನಾವಣೆ ನಡೆಯಿತು. ಅದೇ ಹೆಲೆನ್ ಮಾರ್ಗನ್ 17,957 ಮತ ಪಡೆದು, 5,925ರ ಅಂತರದಿಂದ ಗೆದ್ದರು. ಹೆಚ್ಚುಕಡಿಮೆ ಇನ್ನೂರು ವರ್ಷದಿಂದ ಕನ್ಸರ್ವೇಟಿವರ ಭದ್ರಕೋಟೆಯಾಗಿದ್ದ ಸೀಮೆ ಅದು. ದನ ಸಾಕುವ ರೈತರು, ಆಸ್‌ವೆಸ್ಟ್ರಿ, ಮಾರ್ಕೆಟ್ ಡ್ರೇಟನ್, ವಿಟ್‌ಚರ್ಚ್‌ನಂಥ ಸಂತೆಯೂರುಗಳು, ಯುರೋಪ್ ಒಕ್ಕೂಟದಿಂದ ಹೊರಬರಬೇಕೆಂದು ಬಹುಮತದಿಂದ ಹೇಳಿದ ಜನ. ಯುರೋಪಿನ ಪರ ಗಟ್ಟಿಯಾಗಿ ನಿಂತ ಪಕ್ಷಕ್ಕೆ ಅಲ್ಲಿ ಏನೂ ಗಿಟ್ಟದು ಎಂದೇ ಎಲ್ಲರ ಲೆಕ್ಕವಾಗಿತ್ತು.

ಇಂಥ ಗೆಲುವು ಬ್ರಿಟನ್ನಿನಲ್ಲಿ ಮತ್ತೆ ಮತ್ತೆ ಬರುತ್ತದೆ. 1962ರಲ್ಲಿ ಆರ್ಪಿಂಗ್ಟನ್, 1966ರಲ್ಲಿ ವೇಲ್ಸ್‌ನ ಕಾರ್ಮಾರ್ದನ್, 1967ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್, 2012ರಲ್ಲಿ ಬ್ರಾಡ್‌ಫರ್ಡ್ ವೆಸ್ಟ್, 2025ರಲ್ಲಿ ರನ್‌ಕಾರ್ನ್. ಪಕ್ಷಗಳು ಬೇರೆ, ಸಿದ್ಧಾಂತಗಳು ಒಂದಕ್ಕೊಂದು ವಿರುದ್ಧ. ಆದರೆ ಗೆದ್ದ ಬಗೆಯಲ್ಲಿ ಸಾಕಷ್ಟು ಹೋಲಿಕೆ ಇದೆ. ಆ ಬಗೆಯನ್ನು ಬಿಡಿಸಿ ನೋಡುವುದಕ್ಕೆ ನಾರ್ತ್ ಶ್ರಾಪ್‌ಶೈರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಮೊದಲು ಸ್ಥಾನ ತೆರವಾಗಬೇಕು. ಸಂಸದರು ತೀರಿಕೊಂಡರೆ ತೆರವಾಗುತ್ತದೆ, ಬಿಟ್ಟುಹೋದರೂ ಆಗುತ್ತದೆ. ಆದರೆ ಬಿಡುವುದು ಅಷ್ಟು ಸರಳವಲ್ಲ. ಕಾಮನ್ಸ್ ಸಭೆಯ ಸದಸ್ಯರು ರಾಜೀನಾಮೆ ಕೊಡುವಂತಿಲ್ಲವೆಂದು 1624ರಲ್ಲೇ ತೀರ್ಮಾನವಾಗಿದೆ. ಹಾಗಾಗಿ ಹೊರಡಬೇಕೆಂದವರು ಚಿಲ್ಟರ್ನ್ ಹಂಡ್ರೆಡ್ಸ್ ಅಥವಾ ನಾರ್ತ್‌ಸ್ಟೆಡ್ ಎಂಬ, ಇಂದು ಹೆಸರಿಗಷ್ಟೇ ಉಳಿದಿರುವ ರಾಜಸೇವೆಯ ಹುದ್ದೆಯೊಂದನ್ನು ಕೇಳಿ ಪಡೆಯುತ್ತಾರೆ. ಅಂಥ ಹುದ್ದೆ ಹಿಡಿದವರು ಸಭೆಯಲ್ಲಿ ಕೂರುವಂತಿಲ್ಲ, ಸ್ಥಾನ ತಾನಾಗಿ ಖಾಲಿಯಾಗುತ್ತದೆ. 2015ರ ಕಾನೂನು ಇನ್ನೊಂದು ದಾರಿ ತೆರೆಯಿತು. ಸಂಸದರಿಗೆ ಜೈಲು ಶಿಕ್ಷೆಯಾದರೆ, ಅಥವಾ ಸಭೆಯಿಂದ ಹತ್ತು ಅಥವಾ ಹೆಚ್ಚು ಕಲಾಪದ ದಿನ ಅಮಾನತಾದರೆ, ಕ್ಷೇತ್ರದ ಮತದಾರರಲ್ಲಿ ನೂರಕ್ಕೆ ಹತ್ತು ಜನ ಆರು ವಾರದೊಳಗೆ ಸಹಿ ಹಾಕಿ ಅವರನ್ನು ಕೆಳಗಿಳಿಸಬಹುದು.

ಪ್ಯಾಟರ್ಸನ್ ವಿಷಯದಲ್ಲಿ ಆದದ್ದು ಇದರ ಸುತ್ತಲೇ. ತಮಗೆ ಸಂಬಳ ಕೊಡುತ್ತಿದ್ದ ಎರಡು ಕಂಪನಿಗಳ ಪರವಾಗಿ ಸರ್ಕಾರದೊಳಗೆ ಪ್ರಭಾವ ಬೀರಲು ಯತ್ನಿಸಿ ನಿಯಮ ಮೀರಿದ್ದಾರೆಂದು ಸಂಸತ್ತಿನ ತನಿಖೆ ಹೇಳಿತು, 30 ದಿನಗಳ ಅಮಾನತಿಗೆ ಶಿಫಾರಸು ಬಂತು. ಬೋರಿಸ್ ಜಾನ್ಸನ್ ಸರ್ಕಾರ ಅವರನ್ನು ಕಾಪಾಡಲು ನಿಯಮವನ್ನೇ ಬದಲಿಸಲು ಹೊರಟಿತು. ಮರುದಿನವೇ ಹಿಂದೆ ಸರಿಯಬೇಕಾಯಿತು, ಪ್ಯಾಟರ್ಸನ್ ಹೊರನಡೆದರು. ಸ್ಥಾನ ತೆರವಾದ ಕಾರಣವೇ ಪ್ರಚಾರದ ಮೊದಲ ಭಾಷಣವಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಜನಪ್ರಿಯ ಸಂಸದರೊಬ್ಬರು ಕಾಯಿಲೆಯಿಂದ ತೀರಿಕೊಂಡು ಬರುವ ಉಪಚುನಾವಣೆಗೂ ತಪ್ಪಿತಸ್ಥರೊಬ್ಬರು ಬಿಟ್ಟುಹೋಗಿ ಬರುವ ಉಪಚುನಾವಣೆಗೂ ಬಿಸಿ ಬೇರೆ.

ದಿನ ಗೊತ್ತುಮಾಡುವ ಹಕ್ಕು ನಮ್ಮಲ್ಲಿ ಚುನಾವಣಾ ಆಯೋಗದ್ದು. ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಮುಗಿಸಬೇಕೆಂಬ ಕಾನೂನೂ ಇದೆ. ಬ್ರಿಟನ್ನಿನಲ್ಲಿ ಹಾಗಿಲ್ಲ. ಸ್ಥಾನ ಯಾವ ಪಕ್ಷದ ಕೈಯಲ್ಲಿತ್ತೋ ಆ ಪಕ್ಷದ ಮುಖ್ಯ ಸಚೇತಕರೇ ಚುನಾವಣೆಯ ಆಜ್ಞೆ ಹೊರಡಿಸುವಂತೆ ಸಭೆಯಲ್ಲಿ ಕೇಳುವುದು ವಾಡಿಕೆ. ಮೂರು ತಿಂಗಳೊಳಗೆ ಕೇಳಬೇಕೆಂಬುದು ಸಂಪ್ರದಾಯವೇ ಹೊರತು ಕಾನೂನಲ್ಲ. ಆಜ್ಞೆ ಹೊರಟ ಮೇಲೆ ಮಾತ್ರ 21ರಿಂದ 27 ಕೆಲಸದ ದಿನಗಳೊಳಗೆ ಮತದಾನ ಆಗಲೇಬೇಕು. ಸ್ಥಾನ ಹಿಡಿದಿದ್ದ ಪಕ್ಷಕ್ಕೆ ಇದರಿಂದ ದೊಡ್ಡ ಅನುಕೂಲ. ಎದುರಾಳಿಗಳು ಸಂಘಟಿಸಿಕೊಳ್ಳುವ ಮೊದಲೇ ಮುಗಿಸಿಬಿಡಬಹುದು, ಗಾಳಿ ತಿರುಗಲೆಂದು ಕಾಯಲೂಬಹುದು. ನಾರ್ತ್ ಶ್ರಾಪ್‌ಶೈರ್‌ನಲ್ಲಿ ಬೇಗ ಮುಗಿಸುವ ದಾರಿ ಹಿಡಿದರು, ಆರು ವಾರದಲ್ಲಿ ಮತದಾನ. ಆ ಆರು ವಾರದೊಳಗೇ, ಕೋವಿಡ್ ನಿರ್ಬಂಧದ ಕಾಲದಲ್ಲಿ ಪ್ರಧಾನಿ ನಿವಾಸದಲ್ಲಿ ಪಾರ್ಟಿ ನಡೆದಿತ್ತೆಂಬ ಸುದ್ದಿ ಹೊರಬಿತ್ತು. ಆತುರವೇ ಮುಳುವಾಯಿತು.

ಸ್ಪರ್ಧಿಸುವುದು ಸುಲಭ. ಕ್ಷೇತ್ರದ ಹತ್ತು ಮತದಾರರ ಸಹಿ, 500 ಪೌಂಡ್ ಠೇವಣಿ, ಅಷ್ಟೇ. ನಮ್ಮಲ್ಲಿ ಠೇವಣಿ ಉಳಿಯಲು ಚಲಾವಣೆಯಾದ ಮತಗಳ ಆರನೇ ಒಂದು ಭಾಗ ದಾಟಬೇಕು, ಅಲ್ಲಿ ಶೇ. 5 ಸಾಕು. ನಾರ್ತ್ ಶ್ರಾಪ್‌ಶೈರ್‌ನಲ್ಲಿ ಕಣದಲ್ಲಿದ್ದವರು 14 ಮಂದಿ.

ಇನ್ನು ದುಡ್ಡು. ಟಿವಿಯಲ್ಲಿ, ರೇಡಿಯೊದಲ್ಲಿ ರಾಜಕೀಯ ಜಾಹೀರಾತು ಕೊಳ್ಳುವುದನ್ನು ಬ್ರಿಟನ್ ನಿಷೇಧಿಸಿದೆ. ಇದು ಚಿಕ್ಕ ಪಕ್ಷಗಳ ಪಾಲಿಗೆ ಬಹಳ ದೊಡ್ಡ ರಕ್ಷಣೆ, ಇದರ ಬೆಲೆಯನ್ನು ನಾವು ಕಡಿಮೆ ಎಣಿಸಬಾರದು. ಅಭ್ಯರ್ಥಿಯ ಖರ್ಚಿಗೂ ಮಿತಿಯಿದೆ. 2021ರಲ್ಲಿ ಉಪಚುನಾವಣೆಯ ಮಿತಿ ಒಂದು ಲಕ್ಷ ಪೌಂಡ್ ಇತ್ತು. ಅಂಥದೇ ಕ್ಷೇತ್ರದಲ್ಲಿ ಸಾರ್ವತ್ರಿಕ ಚುನಾವಣೆಯ ಅಭ್ಯರ್ಥಿಗೆ ಪ್ರಚಾರದ ಕೊನೆಯ ವಾರಗಳಲ್ಲಿ ಇದರ ಐದನೇ ಒಂದು ಪಾಲೂ ಖರ್ಚು ಮಾಡಲು ಆಗ ಬಿಡುತ್ತಿರಲಿಲ್ಲ. ಅಂದರೆ ದೇಶದ 650 ಕ್ಷೇತ್ರಗಳಲ್ಲಿ ಹಂಚಿಹೋಗುವ ಚಿಕ್ಕ ಪಕ್ಷವೊಂದು ಉಪಚುನಾವಣೆಯಲ್ಲಿ ತನ್ನ ಹಣ, ಜನ ಎರಡನ್ನೂ ಒಂದೇ ಕಡೆ ಸುರಿಯಬಹುದು. ಮಿತಿ ಎಲ್ಲರಿಗೂ ಒಂದೇ ಆದ್ದರಿಂದ ದೊಡ್ಡ ಪಕ್ಷ ಎಷ್ಟೇ ಶ್ರೀಮಂತವಾಗಿದ್ದರೂ ಆ ಗೆರೆ ದಾಟುವಂತಿಲ್ಲ. ಮೇಲಾಗಿ ಪ್ರತಿ ಮತದಾರರಿಗೂ ಒಂದು ಪ್ರಚಾರಪತ್ರವನ್ನು ಅಂಚೆ ಸಂಸ್ಥೆ ಪುಕ್ಕಟೆಯಾಗಿ ತಲುಪಿಸುತ್ತದೆ, ಮುದ್ರಣದ ಖರ್ಚು ಮಾತ್ರ ಅಭ್ಯರ್ಥಿಯದು.

ದುಡ್ಡಿಗಿಂತ ಹೆಚ್ಚು ಕೆಲಸ ಮಾಡುವುದು ಕಾಲು. ದೇಶದ ಮೂಲೆಮೂಲೆಯಿಂದ ಕಾರ್ಯಕರ್ತರು ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ ರೈಲು ಹತ್ತಿ ಬರುತ್ತಾರೆ. ಕೈಯಲ್ಲಿ ಬೀದಿವಾರು ಮತದಾರರ ಪಟ್ಟಿ. ಬಾಗಿಲು ತಟ್ಟಿ ಕೇಳುವುದು ಎರಡೇ ಪ್ರಶ್ನೆ: ಈ ಊರಿನಲ್ಲಿ ನಿಮ್ಮನ್ನು ಕಾಡುತ್ತಿರುವುದೇನು, ಯಾರಿಗೆ ಮತ ಹಾಕುವ ಯೋಚನೆಯಿದೆ. ಉತ್ತರ ಪಟ್ಟಿಗೆ ಸೇರುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಶ್ರಾಪ್‌ಶೈರ್‌ನ ಜನ ಹೇಳಿದ್ದರಲ್ಲಿ ಮುಖ್ಯವಾದದ್ದು ಆಂಬುಲೆನ್ಸ್. ಫೋನ್ ಮಾಡಿದರೆ ಗಂಟೆಗಟ್ಟಲೆ ಬರುವುದಿಲ್ಲ ಎಂಬ ದೂರು. ಪ್ರಚಾರ ಅದರ ಸುತ್ತ ತಿರುಗಿತು, ಯುರೋಪಿನ ಮಾತು ಪಕ್ಕಕ್ಕೆ ಸರಿಯಿತು. ಮಾರ್ಗನ್ ಕ್ಷೇತ್ರದ ಹಳ್ಳಿಯೊಂದರಲ್ಲೇ ಮನೆ ಮಾಡಿಕೊಂಡಿದ್ದವರು. ಕನ್ಸರ್ವೇಟಿವ್ ಅಭ್ಯರ್ಥಿ ನೀಲ್ ಶಾಸ್ತ್ರಿ-ಹರ್ಸ್ಟ್ ಹಿಂದೆ ಸೇನೆಯಲ್ಲಿ ವೈದ್ಯರಾಗಿದ್ದ ವಕೀಲರು, ಯೋಗ್ಯರೇ, ಆದರೆ ಬರ್ಮಿಂಗ್‌ಹ್ಯಾಮ್‌ನಿಂದ ಬಂದವರು. ಹಳ್ಳಿಗಾಡಿನ ಕ್ಷೇತ್ರದಲ್ಲಿ ಇದು ಎದ್ದು ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಗೆಲುವು ನಿರ್ಧಾರವಾಗುವುದು ಬೇರೆ ಕಡೆ. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಅಲ್ಲೂ ಇರುವುದರಿಂದ, ಆಳುವ ಪಕ್ಷದ ವಿರೋಧಿಗಳು ಇಬ್ಭಾಗವಾದರೆ ಆಳುವವರಿಗೇ ಲಾಭ. ಹಾಗಾಗಿ ಚಿಕ್ಕ ಪಕ್ಷದ ಮೊದಲ ಹೋರಾಟ ಎರಡನೇ ಸ್ಥಾನಕ್ಕಾಗಿ. 'ಅವರನ್ನು ಸೋಲಿಸಬಲ್ಲವರು ನಾವೊಬ್ಬರೇ' ಎಂಬ ನಂಬಿಕೆಯನ್ನು ಜನರಲ್ಲಿ ಹುಟ್ಟಿಸಬೇಕು. ಅದು ಹುಟ್ಟಿತೆಂದರೆ ಮೂರನೆಯವರ ಮತ ಕರಗಿ ಇತ್ತ ಹರಿಯುತ್ತದೆ. ನಾರ್ತ್ ಶ್ರಾಪ್‌ಶೈರ್‌ನಲ್ಲಿ ಇದು ಕಷ್ಟದ ಕೆಲಸವಾಗಿತ್ತು. ಹಿಂದಿನ ಬಾರಿ ಎರಡನೇ ಸ್ಥಾನದಲ್ಲಿದ್ದದ್ದು ಲೇಬರ್, ತಾನೇ ನಿಜವಾದ ಎದುರಾಳಿ ಎಂದು ಅದು ಹೇಳಿಕೊಳ್ಳುವುದರಲ್ಲಿ ನ್ಯಾಯವಿತ್ತು. ಆದರೆ ಅದೇ ವರ್ಷ ಜೂನ್‌ನಲ್ಲಿ ಚೆಶಮ್ ಅಂಡ್ ಅಮರ್‌ಶಮ್ ಕ್ಷೇತ್ರದಲ್ಲಿ ಲಿಬರಲ್ ಡೆಮಾಕ್ರಾಟರು ಗೆದ್ದಿದ್ದರು, ಲೇಬರ್‌ಗೆ ಅಲ್ಲಿ ಸಿಕ್ಕಿದ್ದು ಬರೀ 622 ಮತ. ಮತ್ತೆ ಡಿಸೆಂಬರ್ 2ರಂದು ಓಲ್ಡ್ ಬೆಕ್ಸ್‌ಲಿಯಲ್ಲಿ ಲೇಬರ್ ಎರಡನೆಯದಾದಾಗ ಲಿಬರಲ್ ಡೆಮಾಕ್ರಾಟರು ಠೇವಣಿ ಕಳೆದುಕೊಂಡಿದ್ದರು. ಯಾವ ಒಪ್ಪಂದಕ್ಕೂ ಸಹಿ ಬೀಳಲಿಲ್ಲ. ಎರಡೂ ಪಕ್ಷಗಳು ಎಲ್ಲ ಕಡೆ ಅಭ್ಯರ್ಥಿ ಹಾಕಿದವು, ಆದರೆ ಗೆಲ್ಲಲಾಗದ ಕಡೆ ಬಲ ಹಾಕಲಿಲ್ಲ. ಮತದಾರರು ಅದನ್ನು ಓದಿಕೊಂಡರು.

ಕರಪತ್ರದ ಮೇಲಿನ ಕಂಬದ ಚಿತ್ರಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಲಿಬರಲ್ ಡೆಮಾಕ್ರಾಟರ ಕರಪತ್ರವೆಂದರೆ ನೆನಪಾಗುವುದೇ ಅದು: ಎರಡು ಎತ್ತರದ ಕಂಬ, ಪಕ್ಕದಲ್ಲಿ ಕುಳ್ಳನೆಯ ಮೂರನೆಯದು, 'ಇವರು ಇಲ್ಲಿ ಗೆಲ್ಲುವುದಿಲ್ಲ' ಎಂಬ ಬರಹ. ಎಷ್ಟೋ ಸಲ ಕಂಬದ ಎತ್ತರಕ್ಕೂ ಅಂಕಿಗೂ ತಾಳೆಯಾಗುವುದಿಲ್ಲ. ತಮಗೆ ಅನುಕೂಲವಾದ ಯಾವುದೋ ಸ್ಥಳೀಯ ಚುನಾವಣೆಯ ಅಂಕಿ ಹಾಕಿರುತ್ತಾರೆ. ಬೇರೆ ಪಕ್ಷಗಳೂ ಈಗ ಇದನ್ನೇ ಮಾಡುತ್ತವೆ. ಎದುರಾಳಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹೇಳಿದರೆ 1983ರ ಕಾನೂನಿನಡಿ ಗೆಲುವೇ ರದ್ದಾಗಬಹುದು. ಲೇಬರ್‌ನ ಫಿಲ್ ವೂಲಸ್ 2010ರಲ್ಲಿ ಹಾಗೆಯೇ ಸ್ಥಾನ ಕಳೆದುಕೊಂಡರು. ದಾರಿತಪ್ಪಿಸುವ ಕಂಬಚಿತ್ರಕ್ಕೆ ಆ ಶಿಕ್ಷೆ ಅನ್ವಯಿಸುವುದಿಲ್ಲ. ತನ್ನ ಮತ ವ್ಯರ್ಥವಾಗದಿರಲಿ ಎಂದು ಮನಸ್ಸಿಗೆ ಒಪ್ಪಿದವರನ್ನು ಬಿಟ್ಟುಕೊಡಲು ಸಿದ್ಧನಾದ ಮತದಾರನಿಗೆ ಸರಿಯಾದ ಅಂಕಿಯಾದರೂ ಸಿಗಬೇಕು. ಅದನ್ನು ತಿರುಚುವುದು ನನ್ನ ಮಟ್ಟಿಗೆ ಮೋಸವೇ, ಯಾವ ಪಕ್ಷ ಮಾಡಿದರೂ.

ಫಲಿತಾಂಶದ ಅಂಕಿಗಳನ್ನು ಬಿಡಿಸಿದರೆ ಗೆಲುವಿನ ಒಳರಚನೆ ಕಾಣುತ್ತದೆ. ಲೇಬರ್ ಮತ 12,495ರಿಂದ 3,686ಕ್ಕೆ ಕುಸಿಯಿತು, ಸುಮಾರು 8,800 ಕಡಿಮೆ. ಮಾರ್ಗನ್ ಮತ 12,300ರಷ್ಟು ಏರಿತು. ಕನ್ಸರ್ವೇಟಿವರು ಕಳೆದುಕೊಂಡದ್ದು 23,400. ಒಟ್ಟು ಮತದಾನವೇ 18,000ದಷ್ಟು ಇಳಿದಿತ್ತು, ಶೇ. 46 ಜನ ಮಾತ್ರ ಮತ ಹಾಕಿದ್ದರು. ಯಾರ ಮತ ಎಲ್ಲಿಗೆ ಹೋಯಿತೆಂದು ಗುಟ್ಟಿನ ಮತದಾನದಲ್ಲಿ ಖಚಿತವಾಗಿ ಹೇಳಲಾಗದು. ಆದರೂ ಲೇಬರ್ ಬೆಂಬಲಿಗರು ದೊಡ್ಡ ಸಂಖ್ಯೆಯಲ್ಲಿ ಇತ್ತ ಬಂದರು, ಒಂದಷ್ಟು ಕನ್ಸರ್ವೇಟಿವರು ನೇರವಾಗಿ ಪಕ್ಷ ಬದಲಿಸಿದರು, ಅದಕ್ಕಿಂತ ಹೆಚ್ಚಿನವರು ಮನೆಯಲ್ಲೇ ಉಳಿದರು ಎಂದು ಊಹಿಸಲು ಅಡ್ಡಿಯಿಲ್ಲ. ಆಳುವ ಪಕ್ಷದ ಮತದಾರ ಎದುರಾಳಿಗೆ ಮತ ಹಾಕಬೇಕೆಂದಿಲ್ಲ, ಅಂದು ಹೊರಗೆ ಬಾರದಿದ್ದರೂ ಅರ್ಧ ಕೆಲಸ ಆದಂತೆ.

ಅದಕ್ಕೇ ಮತದಾನದ ದಿನಕ್ಕೆ ಅಷ್ಟು ಮಹತ್ವ. ಮತಗಟ್ಟೆಯ ಹೊರಗೆ ಪಕ್ಷಗಳ ಸ್ವಯಂಸೇವಕರು ನಿಂತು, ಮತ ಹಾಕಿ ಬಂದವರ ಪಟ್ಟಿ ಸಂಖ್ಯೆ ಕೇಳಿ ಬರೆದುಕೊಳ್ಳುತ್ತಾರೆ. ಹೇಳುವುದು ಬಿಡುವುದು ಮತದಾರರ ಇಷ್ಟ. ಆ ಸಂಖ್ಯೆಗಳನ್ನು ಬೆಂಬಲಿಗರ ಪಟ್ಟಿಯ ಜೊತೆ ಹೋಲಿಸಿ, ಇನ್ನೂ ಬಾರದವರ ಬಾಗಿಲನ್ನು ರಾತ್ರಿ ಹತ್ತಕ್ಕೆ ಮತಗಟ್ಟೆ ಮುಚ್ಚುವವರೆಗೂ ತಟ್ಟುತ್ತಾರೆ. ಅಂಚೆ ಮತ ಕೇಳಿದವರಿಗೆ ಮತಪತ್ರ ವಾರಗಳ ಮೊದಲೇ ತಲುಪುವುದರಿಂದ ಅವರ ಮನೆಗೆ ಅದಕ್ಕೂ ಮುಂಚೆ ಹೋಗಿರಬೇಕು. ರನ್‌ಕಾರ್ನ್‌ನಲ್ಲಿ 2025ರ ಮೇ 1ರಂದು ರಿಫಾರ್ಮ್ ಪಕ್ಷದ ಸಾರಾ ಪೋಚಿನ್ 12,645 ಮತ ಪಡೆದರು, ಲೇಬರ್ ಅಭ್ಯರ್ಥಿ 12,639. ಹಿಂದಿನ ವರ್ಷ 14,696 ಮತದ ಅಂತರದಿಂದ ಗೆದ್ದಿದ್ದ ಕ್ಷೇತ್ರವನ್ನು ಲೇಬರ್ ಆರು ಮತದಿಂದ ಕಳೆದುಕೊಂಡಿತು. ಒಂದೇ ಬೀದಿಯಲ್ಲಿ ಇನ್ನೊಂದು ಸುತ್ತು ಹೋಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಉಪಚುನಾವಣೆಯಲ್ಲಿ ಸರ್ಕಾರ ಬೀಳುವುದಿಲ್ಲ ಎಂಬ ಧೈರ್ಯವೇ ಮತದಾರರನ್ನು ಸ್ವತಂತ್ರರನ್ನಾಗಿ ಮಾಡುತ್ತದೆ. ಆದರೂ ಪೆಟ್ಟು ದೂರಕ್ಕೆ ತಾಗಬಹುದು. 1990ರ ಅಕ್ಟೋಬರ್ 18ರಂದು ಈಸ್ಟ್‌ಬರ್ನ್‌ನಲ್ಲಿ ಕನ್ಸರ್ವೇಟಿವರು ಲಿಬರಲ್ ಡೆಮಾಕ್ರಾಟರಿಗೆ ಸೋತರು. ಐದು ವಾರದಲ್ಲಿ ಮಾರ್ಗರೆಟ್ ಥ್ಯಾಚರ್ ನಿರ್ಗಮನ ಘೋಷಿಸಿದರು. ಸೋಲು ಒಂದೇ ಕಾರಣವಲ್ಲ, ಆದರೆ ಅವರ ಪಕ್ಷದ ಸಂಸದರ ಎದೆಯಲ್ಲಿ ಭಯ ಹುಟ್ಟಿಸಿದ್ದರಲ್ಲಿ ಅದಕ್ಕೂ ಪಾಲಿತ್ತು. ಚಿಕ್ಕ ಪಕ್ಷವನ್ನು ಉಪಚುನಾವಣೆ ಮುಗಿಸಿಬಿಡಲೂಬಹುದು. ಅದೇ ವರ್ಷ ಮೇ ತಿಂಗಳಲ್ಲಿ ಬೂಟಲ್ ಕ್ಷೇತ್ರದಲ್ಲಿ ಡೇವಿಡ್ ಓವನ್ ಅವರ ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷಕ್ಕೆ 155 ಮತ ಬಿತ್ತು, ವಿನೋದಕ್ಕೆಂದೇ ಹುಟ್ಟಿದ ಮಾನ್‌ಸ್ಟರ್ ರೇವಿಂಗ್ ಲೂನಿ ಪಕ್ಷಕ್ಕೆ 418. ಮುಂದಿನ ತಿಂಗಳೇ ಓವನ್ ಪಕ್ಷ ಬಾಗಿಲು ಹಾಕಿತು.

ಗೆದ್ದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಸವಾಲು. ಆರ್ಪಿಂಗ್ಟನ್, ಕಾರ್ಮಾರ್ದನ್, ಹ್ಯಾಮಿಲ್ಟನ್ ಮೂರೂ 1970ರಲ್ಲಿ ಕೈತಪ್ಪಿದವು. 2016ರಲ್ಲಿ ರಿಚ್‌ಮಂಡ್ ಪಾರ್ಕ್ ಗೆದ್ದ ಸಾರಾ ಓಲ್ನಿ ಆರೇ ತಿಂಗಳಲ್ಲಿ 45 ಮತದಿಂದ ಸೋತು, 2019ರಲ್ಲಿ ಮತ್ತೆ ಗೆದ್ದರು. ಸಾರ್ವತ್ರಿಕ ಚುನಾವಣೆಯಲ್ಲಿ ಹೊರಗಿನ ಕಾರ್ಯಕರ್ತರು ತಮ್ಮ ತಮ್ಮ ಊರಿಗೆ ಮರಳಿರುತ್ತಾರೆ, ಪ್ರಶ್ನೆ ಪ್ರಧಾನಿ ಯಾರು ಎಂಬುದಕ್ಕೆ ತಿರುಗಿರುತ್ತದೆ. ಉಳಿಯಬೇಕಾದರೆ ನಡುವಿನ ವರ್ಷಗಳಲ್ಲಿ ಸ್ಥಳೀಯ ಕೌನ್ಸಿಲ್‌ಗಳಲ್ಲಿ ಬೇರು ಬಿಟ್ಟಿರಬೇಕು, ಆಂಬುಲೆನ್ಸ್ ವಿಷಯ ಎತ್ತಿದವರು ಸಂಸತ್ತಿನಲ್ಲೂ ಅದನ್ನೇ ಎತ್ತುತ್ತಿರಬೇಕು. ಮಾರ್ಗನ್ ಎತ್ತುತ್ತಲೇ ಇದ್ದರು. 2024ರಲ್ಲಿ ಸ್ಥಾನ ಉಳಿಸಿಕೊಂಡರು.

ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ ಒಂದಿದೆ. ಭಾರತದ ಪೌರತ್ವ ಇಟ್ಟುಕೊಂಡೇ ಅಲ್ಲಿ ಓದುತ್ತಿರುವ, ದುಡಿಯುತ್ತಿರುವ ಹದಿನೆಂಟು ತುಂಬಿದವರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು, ಉಪಚುನಾವಣೆಯಲ್ಲೂ. ಬೇಕಾದದ್ದು ಕ್ಷೇತ್ರದಲ್ಲೊಂದು ವಿಳಾಸ, ದೇಶದಲ್ಲಿರಲು ಕಾನೂನುಬದ್ಧ ಅನುಮತಿ, ಮತ್ತು ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ಪಟ್ಟಿಯಲ್ಲಿ ಹೆಸರು ಸೇರಿಸಲು ಅರ್ಜಿ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.